ಅರ್ಧರಾತ್ರೀಲಿ ಸಾಲ ಸಿಗದೇ ಇರೋದನ್ನ ಮೊದಲು ತುಂಬಿಟ್ಕೊಳ್ಳಿ

ಅಪ್ಪನಿಗೆ ಎದೆನೋವು ಬಂದಿದ್ದು ರಾತ್ರಿ ಎರಡು ಗಂಟೆಗೆ. ಬೆಂಗಳೂರಿನ ಲಿಂಗರಾಜಪುರದಲ್ಲಿ ನಮ್ಮ ಗಲ್ಲಿಗೆ ಆ ಹೊತ್ತಲ್ಲಿ ಆಟೋ ಬರಲ್ಲ, ನನ್ನ ಮೊಬೈಲಲ್ಲಿ ಚಾರ್ಜ್ 8 ಪರ್ಸೆಂಟ್, ಅಮ್ಮ ಬೀರು ತೆಗೆದು ಸೀರೆಗಳ ಮಧ್ಯೆ ಇನ್ಶೂರೆನ್ಸ್ ಕಾರ್ಡ್ ಹುಡುಕ್ತಾ ಇದ್ರು, ಹಳೇ ಇಸಿಜಿ ಎಲ್ಲಿದೆ ಅಂತ ಮನೇಲಿ ಯಾರಿಗೂ ಗೊತ್ತಿಲ್ಲ. ಪಕ್ಕದ ಮನೆ ಅಂಕಲ್ ಎದ್ದು ಬಂದು ಕಾರ್ ತೆಗೆದ್ರು. ಆಸ್ಪತ್ರೇಲಿ ಡಾಕ್ಟರು "ಯಾವ್ಯಾವ ಮಾತ್ರೆ ತಗೋತಾರಮ್ಮ" ಅಂತ ಕೇಳಿದ್ರೆ ನನಗೆ ಹೇಳಕ್ಕಾಗಿದ್ದು ಬೆಳಗ್ಗೆ ಒಂದು ಬಿಳೀದು, ರಾತ್ರಿ ಒಂದು ಸಣ್ಣದು ಅಂತ ಅಷ್ಟೇ. ದೇವರ ಕೃಪೆ, ಅಪ್ಪ ಈಗ ಚೆನ್ನಾಗಿದಾರೆ. ಆದ್ರೆ ಆ ರಾತ್ರಿ ಐಸಿಯು ಹೊರಗಡೆ ಕೂತಾಗ ಸಂಡೇ ಸ್ಕೂಲಲ್ಲಿ ಕಲಿತಿದ್ದ ಹತ್ತು ಮಂದಿ ಕನ್ಯೆಯರ ಕಥೆ ನೆನಪಾಯ್ತು, ನೆನಪಾಗಿ ಹೊಟ್ಟೇಲಿ ಸಂಕಟ ಆಯ್ತು.

ಸತ್ಯವೇದದಲ್ಲಿ, ಅಂದ್ರೆ ಬೈಬಲ್ಲಲ್ಲಿ, ಮತ್ತಾಯ 25ನೇ ಅಧ್ಯಾಯ ಇನ್ನೊಂದು ಸಲ ನಿಧಾನವಾಗಿ ಓದಿ ನೋಡಿ. ಐದು ಜನ ಬುದ್ಧಿವಂತೆಯರು, ಐದು ಜನ ಬುದ್ಧಿ ಇಲ್ಲದವರು, ದೀಪ ಹಿಡ್ಕೊಂಡು ಮದಲಿಂಗನ್ನ ಎದುರುಗೊಳ್ಳಕ್ಕೆ ಹೋದ್ರು. ಮದಲಿಂಗ ಬರೋದು ತಡ ಆಯ್ತು, ಹತ್ತು ಜನಾನೂ ತೂಕಡಿಸಿ ನಿದ್ದೆ ಮಾಡಿದ್ರು. ಐದು ಜನ ಅಲ್ಲ, ಹತ್ತೂ ಜನ. ನಿದ್ದೆ ಮಾಡಿದ್ದು ತಪ್ಪು ಅಂತ ಯೇಸು ಸ್ವಾಮಿ ಎಲ್ಲೂ ಹೇಳಲ್ಲ. ಎಲ್ಲರ ಕೈಯಲ್ಲೂ ದೀಪ ಇತ್ತು, ಎಲ್ಲರಿಗೂ ಆಸೆ ಇತ್ತು, ವ್ಯತ್ಯಾಸ ಇದ್ದಿದ್ದು ಬುದ್ಧಿವಂತೆಯರು ಪಾತ್ರೇಲಿ ಬೇರೆ ಎಣ್ಣೆ ತಂದಿದ್ರಲ್ಲ ಅಲ್ಲಿ. ಅರ್ಧರಾತ್ರಿ ಕೂಗು ಬಿದ್ದಾಗ ಉಳಿದವರು ಎಣ್ಣೆ ಕೇಳಿದ್ರೆ ಸಿಗಲಿಲ್ಲ, ಅಂಗಡಿಗೆ ಹೋಗಿ ಬರೋ ಅಷ್ಟರಲ್ಲಿ ಬಾಗಿಲು ಮುಚ್ಚಿತ್ತು. ಈ ಸಾಮ್ಯ, ಅಂದ್ರೆ ಈ ನೀತಿಕಥೆ, ಯೇಸು ಸ್ವಾಮಿ ಮತ್ತೆ ಬರೋ ದಿನದ ಬಗ್ಗೆ ಅನ್ನೋದು ಗೊತ್ತು, ಅದನ್ನ ಬರೀ ಮನೆ ಕೆಲಸಕ್ಕೆ ಇಳಿಸ್ತಾ ಇಲ್ಲ. ಆದ್ರೆ ಎಚ್ಚರವಾಗಿರೋದು ಅಂದ್ರೆ ಏನು ಅಂತ ಕಲಿಸಕ್ಕೆ ಅವರು ಆರಿಸ್ಕೊಂಡಿದ್ದು ಮದುವೆ ಮನೆ, ದೀಪ, ಎಣ್ಣೆ, ಎಲ್ಲಾ ನಮ್ಮ ದಿನನಿತ್ಯದ್ದೇ.

ಹಾಗಾಗಿ ಮೊದಲನೇ ಕೆಲಸ ಇದು. ಒಂದು ಹಾಳೆ ತಗೊಂಡು ಈ ತಿಂಗಳು ಮಾಡ್ಬೇಕಾದ್ದೆಲ್ಲ ಬರೀರಿ, ಬರೆದಾದ್ಮೇಲೆ ಪ್ರತಿಯೊಂದರ ಮುಂದೆ ಒಂದೇ ಪ್ರಶ್ನೆ ಕೇಳ್ಕೊಳ್ಳಿ: ಇದು ಕೊನೇ ಗಳಿಗೇಲಿ ಯಾರ ಹತ್ರಾದ್ರೂ ಸಾಲ ಸಿಗತ್ತಾ? ಸಕ್ಕರೆ ಸಿಗತ್ತೆ. ದುಡ್ಡು ಕೂಡ ಎಷ್ಟೋ ಸಲ ಸಿಗತ್ತೆ. ಅಪ್ಪನ ಮಾತ್ರೆ ಪಟ್ಟಿ ಸಿಗಲ್ಲ, ಪರೀಕ್ಷೆ ಹಿಂದಿನ ದಿನ ಮಗನಿಗೆ ಗಣಿತ ಸಿಗಲ್ಲ, ವರ್ಷಗಟ್ಟಲೆ ಮಾತಾಡಿಸದೇ ಇರೋ ಅಣ್ಣನ ಮನಸ್ಸು ಸಿಗಲ್ಲ, ಕಷ್ಟ ಬಂದ ದಿನ ಪ್ರಾರ್ಥನೆ ಮಾಡೋ ಅಭ್ಯಾಸ ಎಲ್ಲಿಂದಲೋ ಎರವಲು ತರಕ್ಕಾಗಲ್ಲ. ಸಾಲ ಸಿಗದೇ ಇರೋದಕ್ಕೆ ಒಂದು ಸುತ್ತು ಹಾಕಿ. ಅದೇ ಎಣ್ಣೆ, ಅದು ಮೊದಲು.

ನಮ್ಮನೇಲಿ ಆ ಸುತ್ತು ಹಾಕಿದ್ಮೇಲೆ ಮೊದಲು ಆಗಿದ್ದು ಒಂದು ನೀಲಿ ಪ್ಲಾಸ್ಟಿಕ್ ಫೈಲು. ಬಾಗಿಲ ಹಿಂದೆ ಮೊಳೆಗೆ ನೇತು ಹಾಕಿದೀವಿ, ಮೊಮ್ಮಕ್ಕಳಿಗೂ ಗೊತ್ತು ಎಲ್ಲಿದೆ ಅಂತ. ಒಳಗಡೆ ಮೇಲ್ಗಡೆ ಹಾಳೇಲಿ ಮಾತ್ರೆ ಹೆಸರು, ಎಷ್ಟು ಎಂಜಿ, ಯಾವ ಹೊತ್ತಿಗೆ, ಯಾವ ಔಷಧಿ ಒಗ್ಗಲ್ಲ ಅಂತ ದೊಡ್ಡಕ್ಷರದಲ್ಲಿ ಬರೆದಿದೀನಿ, ಕನ್ನಡಕ ಇಲ್ದೆ ಅಮ್ಮ ಓದೋ ಹಾಗೆ. ಅದರ ಕೆಳಗೆ ಬ್ಲಡ್ ಗ್ರೂಪ್, ಇನ್ಶೂರೆನ್ಸ್ ಕಾರ್ಡಿನ ಜೆರಾಕ್ಸ್, ಆಧಾರ್ ಜೆರಾಕ್ಸ್, ಕೊನೇ ಇಸಿಜಿ, ಡಿಸ್ಚಾರ್ಜ್ ಸಮ್ಮರಿ, ಆಂಬುಲೆನ್ಸಿನ 108, ಪಕ್ಕದ ಮನೆ ಅಂಕಲ್ ನಂಬರ್, ಒಂದು ಕವರಲ್ಲಿ 3,000 ರೂಪಾಯಿ ಚಿಲ್ಲರೆ ನೋಟು. ತಿಂಗಳ ಮೊದಲ ದಿನ ಬಾಡಿಗೆ ಕೊಡುವಾಗಲೇ ಆ ಹಾಳೆ ಒಂದ್ಸಲ ನೋಡ್ತೀನಿ, ಡಾಕ್ಟರು ಮಾತ್ರೆ ಬದಲಾಯಿಸಿದ್ರೆ ಅವತ್ತೇ ತಿದ್ದುತೀನಿ. ಅರ್ಧ ಗಂಟೆ ಕೆಲಸ ಇದು, ನಾನು ನಾಲ್ಕು ವರ್ಷ ಮುಂದೂಡಿದ್ದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು ಅಂತ ಅಜ್ಜಿ ಹೇಳ್ತಿದ್ದಿದ್ದು ಸುಮ್ನೆ ಅಲ್ಲ.

ಎರಡನೇದು ಯಾವುದು ಮೊದಲು ಯಾವುದು ಆಮೇಲೆ ಅನ್ನೋದು. ಇದಕ್ಕೆ ಜ್ಞಾನೋಕ್ತಿಗಳು 24:27 ನೋಡಿ, ನನ್ನ ಪ್ರಕಾರ ಬೆಂಗಳೂರಲ್ಲಿ ಇರೋರು ಗೋಡೆ ಮೇಲೆ ಬರೆದಿಟ್ಕೊಳ್ಳೋ ವಚನ ಅದು. ಮೊದಲು ಹೊರಗಿನ ಕೆಲಸ ಅಣಿ ಮಾಡ್ಕೋ, ಹೊಲ ಸಿದ್ಧ ಮಾಡ್ಕೋ, ಮನೆ ಕಟ್ಟೋದು ಆಮೇಲೆ ಅನ್ನತ್ತೆ. ಅನ್ನ ಕೊಡೋ ಹೊಲ ಮೊದಲು. ಸಂಬಂಧದಲ್ಲಿ ನಮಗೆ ಅತ್ತೆ ಆಗೋರೊಬ್ಬರು 30×40 ಸೈಟಲ್ಲಿ ಗ್ರೌಂಡ್ ಫ್ಲೋರಿಗೆ ದುಡ್ಡಿಟ್ಕೊಂಡು ಮೂರು ಫ್ಲೋರಿಗೆ ಪ್ಲಾನ್ ಹಾಕ್ಸಿದ್ರು, ಕೆಲಸ ಹೋಯ್ತು, ಇಎಂಐ ನಿಂತಿಲ್ಲ, ಮನೆ ನಿಂತ್ಬಿಡ್ತು. ಎರಡು ಮಳೆಗಾಲ ಆಯ್ತು, ಪಿಲ್ಲರ್ ಮೇಲಿನ ಕಂಬಿ ತುಕ್ಕು ಹಿಡಿದು ಮಳೆ ಬಂದಾಗೆಲ್ಲ ಗೋಡೆ ಮೇಲೆ ಕೆಂಪು ಗೆರೆ ಇಳೀತಾ ಇರತ್ತೆ, ಆ ರಸ್ತೇಲಿ ಹೋಗ್ಬೇಕಾದ್ರೆ ಆ ಅತ್ತೆ ತಲೆ ಎತ್ತಲ್ಲ. ಲೂಕ 14ರಲ್ಲಿ ಗೋಪುರ ಕಟ್ಟೋನು ಮೊದಲು ಕೂತು ಖರ್ಚು ಲೆಕ್ಕ ಹಾಕಲ್ವಾ ಅಂತ ಸ್ವಾಮಿ ಕೇಳಿದ್ದು ಇದನ್ನೇ, "ಕೂತು" ಅನ್ನೋ ಮಾತು ಗಮನಿಸಿ. ನೀವೂ ಕೂತ್ಕೊಳ್ಳಿ, ಗಂಡ ಹೆಂಡತಿ ಇಬ್ರೂ, ಟಿವಿ ಆಫ್ ಮಾಡಿ. ಆರು ತಿಂಗಳು ಸಂಬಳ ಬರದೇ ಇದ್ರೂ ಕಂತು ಕಟ್ಟಕ್ಕಾಗತ್ತಾ ಅಂತ ಬರೆದು ನೋಡಿ, ಆಗಲ್ಲ ಅಂದ್ರೆ ಇನ್ನೂ ಹೊಲ ಸಿದ್ಧ ಆಗಿಲ್ಲ.

ಉಳಿತಾಯಕ್ಕೆ ಯೋಸೇಫನ ಲೆಕ್ಕ ಸಾಕು. ಆದಿಕಾಂಡ 41ರಲ್ಲಿ ಏಳು ವರ್ಷ ಬರ ಬರೋ ಮುಂಚೆ, ಏಳು ವರ್ಷ ಸುಗ್ಗಿ ಇದ್ದಾಗ ಬೆಳೇಲಿ ಐದನೇ ಒಂದು ಭಾಗ ಎತ್ತಿಡಿ ಅಂತ ಐಗುಪ್ತದ ರಾಜ ಫರೋಹನಿಗೆ ಹೇಳಿದ, 30,000 ಸಂಬಳಕ್ಕೆ ಅದು 6,000. ಪೂರ್ತಿ ಆಗದಿದ್ರೆ 1,000ದಿಂದ ಶುರು ಮಾಡಿ, ಆದ್ರೆ ಸಂಬಳ ಬಂದ ದಿನವೇ ಎತ್ತಿಡಿ. 2024ರ ಬೇಸಿಗೇಲಿ ಊರ ತುಂಬ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾದವರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ.

ಇನ್ನು ಸಮಯ. ಎಲ್ಲದಕ್ಕೂ ಒಂದು ಕಾಲ ಉಂಟು ಅಂತ ಪ್ರಸಂಗಿ 3ನೇ ಅಧ್ಯಾಯ ಹೇಳತ್ತೆ, ಆದ್ರೆ ಆ ಕಾಲ ಬಂತು ಅಂತ ಗೊತ್ತಾಗೋದು ಹೇಗೆ? ನನಗೆ ಇದನ್ನ ಕಲಿಸಿದ್ದು ನೆಹೆಮೀಯ, ಪರ್ಷಿಯಾ ರಾಜನ ಪಾನಸೇವಕನಾಗಿದ್ದ ಯೆಹೂದ್ಯ. ಯೆರೂಸಲೇಮಿನ ಗೋಡೆ ಬಿದ್ದಿದೆ ಅಂತ ಸುದ್ದಿ ಕೇಳಿದ್ದು ಯೆಹೂದ್ಯರ ಕಿಸ್ಲೇವ್ ತಿಂಗಳಲ್ಲಿ, ರಾಜನ ಮುಂದೆ ಬಾಯಿ ಬಿಟ್ಟಿದ್ದು ನೀಸಾನ್ ತಿಂಗಳಲ್ಲಿ, ಹತ್ರ ಹತ್ರ ನಾಲ್ಕು ತಿಂಗಳು. ಸುದ್ದಿ ಕೇಳಿದಾಗ ಅತ್ತ, ಉಪವಾಸ ಮಾಡಿದ, ಪ್ರಾರ್ಥನೆ ಮಾಡಿದ. ಆಮೇಲೆ ರಾಜ "ಯಾಕೆ ಸಪ್ಪಗಿದೀಯ, ಏನು ಬೇಕು" ಅಂದಾಗ ತಡವರಿಸಲಿಲ್ಲ, ಮನಸ್ಸಲ್ಲೇ ದೇವರಿಗೆ ಪ್ರಾರ್ಥಿಸಿ, ಹೋಗಬೇಕು ಅಂದ, ಎಷ್ಟು ದಿನ ಅಂತ ಹೇಳಿದ, ದಾರಿಗೆ ಅಧಿಕಾರಿಗಳಿಗೆ ಪತ್ರ ಬೇಕು, ಬಾಗಿಲಿಗೆ ಮರ ಬೇಕು, ಅದಕ್ಕೆ ಅರಣ್ಯ ನೋಡ್ಕೊಳ್ಳೋ ಆಸಾಫನಿಗೆ ಒಂದು ಪತ್ರ ಬೇಕು ಅಂತ ಹೆಸರು ಸಮೇತ ಕೇಳಿದ. ಇಷ್ಟೆಲ್ಲ ಗೊತ್ತಿರ್ಬೇಕಾದ್ರೆ ಆ ನಾಲ್ಕು ತಿಂಗಳು ಸುಮ್ನೆ ಕೂತಿರಕ್ಕೆ ಸಾಧ್ಯಾನೇ ಇಲ್ಲ ಅನ್ಸತ್ತೆ ನನಗೆ. ಅಲ್ಲಿಗೆ ಹೋಗಿ ಮೂರು ದಿನ ಇದ್ದು, ರಾತ್ರಿ ಹೊತ್ತು ಗೋಡೆ ಸುತ್ತಿ ನೋಡಿದ, ಆಮೇಲೆ ಜನರನ್ನ ಕರೆದ, 52 ದಿನದಲ್ಲಿ ಗೋಡೆ ಮುಗೀತು.

ಮ್ಯಾನೇಜರ್ ಹತ್ರ ವಾರಕ್ಕೆ ಎರಡು ದಿನ ವರ್ಕ್ ಫ್ರಮ್ ಹೋಮ್ ಕೇಳ್ಬೇಕು ಅಂತಿದೀರಾ? ನೆಹೆಮೀಯನ ಹಾಗೇ ಮಾಡಿ. ಯಾವ ದಿನ, ಎಷ್ಟು ತಿಂಗಳು, ಆ ದಿನ ಯಾವ ಕೆಲಸ ಮುಗಿಸಿ ಕೊಡ್ತೀರ, ನೀವಿಲ್ದಾಗ ಯಾರು ಫೋನ್ ಎತ್ತಾರೆ ಅಂತ ಬರೆದಿಟ್ಕೊಂಡು ಪ್ರಾರ್ಥನೆ ಮಾಡಿ, ಅವರೇ "ಏನಮ್ಮ, ಸುಸ್ತಾಗಿದೀಯ" ಅಂತ ಕೇಳೋ ದಿನ ಬಂದೇ ಬರತ್ತೆ.

ಇಷ್ಟೆಲ್ಲ ಓದಿ ತಯಾರಿನೇ ಮಾಡ್ತಾ ಕೂರೋರಿಗೂ ಒಂದು ಮಾತಿದೆ, ಪ್ರಸಂಗಿ 11:4, ಗಾಳಿ ನೋಡ್ತಾ ಕೂತವನು ಬಿತ್ತಲ್ಲ, ಮೋಡ ನೋಡ್ತಾ ಇರೋನು ಕೊಯ್ಯಲ್ಲ ಅಂತ. ತಯಾರಿಗೆ ಒಂದು ತಾರೀಕು ಹಾಕಿ, ಅವತ್ತಿಗೆ ಎಷ್ಟು ಆಗಿದ್ಯೋ ಅಷ್ಟರಲ್ಲಿ ಹೊರಡಿ. ನಾಳೆ ಹೀಗೇ ಅಂತ ಜಂಬ ಬೇಡ, ಕರ್ತನ ಚಿತ್ತವಾದ್ರೆ ಅನ್ನಿ ಅಂತ ಯಾಕೋಬ 4ರಲ್ಲಿ ಇದ್ಯಲ್ಲ, ಟ್ರಾಫಿಕ್ಕಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಹೋಗೋರು ದಿನಾ ಅನುಭವಿಸೋ ವಚನ, ಮುಕ್ಕಾಲು ಗಂಟೆ ಜಾಸ್ತಿ ಇಟ್ಕೊಂಡೇ ಮನೆ ಬಿಡಿ. ಎಲ್ಲಾನೂ ನೀವೊಬ್ರೇ ಮಾಡ್ಬೇಡಿ, ಮೋಶೆಗೆ ಅವನ ಮಾವ ಇತ್ರೋ ಹೇಳಿದ್ದೂ ಅದೇ, ಚಿಕ್ಕ ಕೆಲಸ ಹಂಚಿ.

ಕೊನೇದು ಶನಿವಾರ. ಅರಣ್ಯದಲ್ಲಿ ಇಸ್ರಾಯೇಲ್ಯರು ದೇವರು ಕೊಟ್ಟ ಆಹಾರ ಮನ್ನಾನ ದಿನಾ ಅವತ್ತಿಗೆ ಬೇಕಾದಷ್ಟೇ ಕೂಡಿಸ್ಕೊಳ್ಳೋದು, ಆರನೇ ದಿನ ಮಾತ್ರ ಎರಡರಷ್ಟು, ಏಳನೇ ದಿನ ವಿಶ್ರಾಂತಿ ಇರಲಿ ಅಂತ. ಯೇಸು ಸ್ವಾಮಿ ಮನೆಗೆ ಬಂದಾಗ ಕೆಲಸದಲ್ಲೇ ಮುಳುಗಿದ್ದ ಮಾರ್ಥಳ ಕಥೆ ಓದಿದಾಗೆಲ್ಲ ನನಗೆ ಅವಳ ಮೇಲೆ ಪ್ರೀತಿ ಬರತ್ತೆ, ಮನೆಗೆ ಸ್ವಾಮಿ ಬಂದಾಗ ಅಡುಗೆ ಯಾರಾದ್ರೂ ಮಾಡ್ಲೇಬೇಕಲ್ಲ. ಆದ್ರೆ ಅವಳ ತಂಗಿ ಮರಿಯ ಸ್ವಾಮಿಯ ಪಾದದ ಹತ್ರ ಕೂತು ಕೇಳಿದ್ದು ಸಾಲ ಸಿಗದೇ ಇರೋ ಅಂಥದ್ದು. ಅದಕ್ಕೆ ನಮ್ಮನೇಲಿ ಭಾನುವಾರದ ಕೆಲಸ ಎಲ್ಲ ಶನಿವಾರ ಸಾಯಂಕಾಲಕ್ಕೆ ತಂದಿದೀವಿ. ನೀರು ಬಿಡೋ ದಿನ ಆಗಿದ್ರೆ ಸಂಪ್ ತುಂಬಿಸಿ ಮೋಟರ್ ಹಾಕಿ ಟ್ಯಾಂಕ್ ನೋಡೋದು, ಇಡ್ಲಿ ಹಿಟ್ಟು ರುಬ್ಬಿಡೋದು, ಬಟ್ಟೆ ಇಸ್ತ್ರಿ, ಕಾಣಿಕೆ ಕವರ್ ಸತ್ಯವೇದದ ಒಳಗೆ, ಸ್ಕೂಟರಿಗೆ ಪೆಟ್ರೋಲ್, ಮಕ್ಕಳ ಸಾಕ್ಸ್ ಜೋಡಿ ಶೂ ಒಳಗೆ. ರಾತ್ರಿ ಒಂಬತ್ತಕ್ಕೆ ಅಡುಗೆ ಮನೆ ದೀಪ ಆರಿಸ್ತೀನಿ. ಬೆಳಗ್ಗೆ ಅಮ್ಮ ಕಾಫಿ ಲೋಟ ಹಿಡ್ಕೊಂಡು ಅಪ್ಪನ ಪಕ್ಕ ಕೂತು ಅವತ್ತಿನ ಕೀರ್ತನೆ ಜೋರಾಗಿ ಓದ್ತಾರೆ, ಇಡ್ಲಿ ಬೇಯೋ ಅಷ್ಟು ಹೊತ್ತು.