ಪ್ರೋಟೀನ್ ಶೇಕ್ ನುಣ್ಣಗೆ ಬರ್ಬೇಕು ಅಂದ್ರೆ ಅಮ್ಮನ ಚಟ್ನಿ ಲೆಕ್ಕವೇ ಸರಿ

ಹಾಲು ಬಿಟ್ಟು ಮೂರು ವರ್ಷ ಆಯ್ತು. ಹೊಟ್ಟೆಗೆ ಆಗ್ತಿರ್ಲಿಲ್ಲ ಅನ್ನೋದು ಒಂದು ಕಾರಣ, ಕರು ಕುಡೀಬೇಕಾದ್ದನ್ನ ನಾವು ಕುಡೀತಿದೀವಲ್ಲ ಅಂತ ಮನಸ್ಸಿಗೂ ಬೇಡ ಅನ್ಸಿದ್ದು ಇನ್ನೊಂದು. ಆದ್ರೆ ಬೆಳಗಿನ ತಿಂಡಿದೇ ಸಮಸ್ಯೆ ಆಗಿತ್ತು. ಏಳೂವರೆಗೆಲ್ಲ ಮನೆ ಬಿಟ್ಟು ನ್ಯಾಷನಲ್ ಕಾಲೇಜ್ ಸ್ಟೇಷನ್ನಲ್ಲಿ ಮೆಟ್ರೋ ಹಿಡೀಬೇಕು, ಅವಲಕ್ಕಿನೋ ಉಪ್ಪಿಟ್ಟೋ ತಿಂದು ಹೋದ್ರೆ ಹತ್ತೂವರೆಗೆ ಮತ್ತೆ ಹೊಟ್ಟೆ ಚುರ್ ಅನ್ನುತ್ತೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಲೆಕ್ಕದಲ್ಲಿ ದಿನಕ್ಕೆ ಒಂದು ಕೆಜಿ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು, ನಾನು 58 ಕೆಜಿ, ಅಂದ್ರೆ ಹತ್ತಿರತ್ತಿರ 48 ಗ್ರಾಂ. ಬೆಳಿಗ್ಗೆನೇ ಅದ್ರಲ್ಲಿ ಮೂರನೇ ಒಂದು ಭಾಗ ಹೊಟ್ಟೆಗೆ ಬಿದ್ರೆ ಮಿಕ್ಕಿದ್ದು ಬೇಳೆ ಸಾರು, ಹುಳಿ, ಕಾಳು ಪಲ್ಯದಲ್ಲಿ ಸಿಕ್ಬಿಡುತ್ತೆ ಅಂತ ಶೇಕ್ ಶುರು ಮಾಡಿದೆ.

ಮೊದಲ್ನೇ ತಿಂಗಳು ಬಟಾಣಿ ಪ್ರೋಟೀನ್ ಪುಡಿ ಡಬ್ಬ ತಂದು ನೀರು, ಬಾಳೆಹಣ್ಣು, ಒಂದು ಹಿಡಿ ಕಡ್ಲೆಕಾಯಿ ಬೀಜ ಎಲ್ಲ ಒಟ್ಟಿಗೆ ದೊಡ್ಡ ಜಾರಿಗೆ ಸುರಿದು ಎರಡು ನಿಮಿಷ ತಿರುಗಿಸ್ತಿದ್ದೆ. ಮೇಲೆಲ್ಲ ನೊರೆ, ತಳದಲ್ಲಿ ತರಿ, ಕುಡಿದ ಮೇಲೆ ನಾಲಿಗೆಗೆ ಸುಣ್ಣ ಮೆತ್ತಿದ ಹಾಗೆ. ಅಮ್ಮ ಒಂದಿನ ಪಕ್ಕದಲ್ಲೇ ನಿಂತು ನೋಡ್ತಿದ್ದೋರು ಕೇಳಿದ್ರು, "ಚಟ್ನಿ ರುಬ್ಬೋವಾಗ ಇಷ್ಟು ನೀರು ಮೊದ್ಲೇ ಸುರೀತೀಯೇನೇ? ಗಟ್ಟಿಯಾಗಿ ರುಬ್ಕೊಂಡು ಆಮೇಲೆ ತೆಳ್ಳಗೆ ಮಾಡ್ಕೋಬಾರ್ದಾ?" ಅಷ್ಟೇ ಹೇಳಿದ್ದು. ಮಾರನೇ ದಿನ ಹಾಗೇ ಮಾಡಿ ನೋಡಿದೆ, ಅವತ್ತಿಂದ ಇವತ್ತಿನವರೆಗೂ ನನ್ನ ಶೇಕ್ ನಿಂತಿರೋದು ಅದೊಂದು ಮಾತಿನ ಮೇಲೆ. ನೀರು ಜಾಸ್ತಿ ಇದ್ರೆ ಬೀಜದ ಚೂರು ಬ್ಲೇಡಿಗೆ ಸಿಗದೆ ನೀರಿನ ಜೊತೆ ಸುತ್ತುತ್ತಾ ಇರುತ್ತೆ, ಗಟ್ಟಿ ಇದ್ರೆ ಒಂದಕ್ಕೊಂದು ಉಜ್ಜಿಕೊಂಡು ಬೆಣ್ಣೆ ಥರ ಆಗುತ್ತೆ.

ಈಗ ಒಂದು ದೊಡ್ಡ ಲೋಟಕ್ಕೆ ನಾನು ಹಾಕೋದು 30 ಗ್ರಾಂ ಕಡ್ಲೆಕಾಯಿ ಬೀಜ, 20 ಗ್ರಾಂ ಹುರಿಗಡಲೆ ಪುಡಿ, 200 ಎಂಎಲ್ ಸೋಯಾ ಹಾಲು, ಎರಡು ಏಲಕ್ಕಿ ಬಾಳೆಹಣ್ಣು, ಎರಡು ಖರ್ಜೂರ, ಒಂದು ಏಲಕ್ಕಿ, ಚಿಟಿಕೆ ಉಪ್ಪು. ಬೀಜದಿಂದ ಸುಮಾರು 7 ಗ್ರಾಂ, ಹುರಿಗಡಲೆಯಿಂದ 4, ಹಾಲಿಂದ 5-6, ಎಲ್ಲ ಸೇರಿ 17 ಗ್ರಾಂ ಆಸುಪಾಸು ಪ್ರೋಟೀನ್ ಬರುತ್ತೆ, ಡಬ್ಬದ ಪುಡಿ ಬೇಕೇ ಬೇಕು ಅಂತಿಲ್ಲ.

ಕಡ್ಲೆಕಾಯಿ ಬೀಜ ರಾತ್ರಿನೇ ನೆನೆ ಹಾಕ್ಬೇಕು, ನೆನೆಸೋ ಮೊದ್ಲು ತಟ್ಟೇಲಿ ಹರಡಿ ಮುಗ್ಗಲು ಹಿಡಿದಿರೋದು, ಕಪ್ಪಗಾಗಿರೋದು, ಮುರುಟಿರೋದು ಆರಿಸಿ ಬಿಸಾಕಿ, ಬೂಷ್ಟು ಬಂದ ಬೀಜದಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರಬಹುದು, ಅದು ಕುದಿಸಿದ್ರೂ ಹೋಗಲ್ಲ. ನೆಂದ ಬೀಜನ ಬೆಳಿಗ್ಗೆ ನೀರಲ್ಲೇ ಇಟ್ಟು ಎರಡು ಅಂಗೈ ಮಧ್ಯೆ ಉಜ್ಜಿದ್ರೆ ಕೆಂಪು ಸಿಪ್ಪೆ ಜಾರಿ ಮೇಲೆ ತೇಲುತ್ತೆ, ಅದನ್ನ ಬಗ್ಗಿಸಿ ಚೆಲ್ಲಿಬಿಡ್ತೀನಿ. ಸಿಪ್ಪೆ ಒಳ್ಳೇದು ಅಂತಾರೆ, ಇರಬಹುದು, ಆದ್ರೆ ಒಗರು ಬರೋದೂ ಅದ್ರಿಂದಲೇ, ಗಂಟಲಲ್ಲಿ ಸಿಕ್ಕಿಹಾಕ್ಕೊಳ್ಳೋದೂ ಅದೇ. ಕಾರ್ತೀಕದ ಕೊನೇ ಸೋಮವಾರ ನಮ್ಮ ಬಸವನಗುಡಿಯಲ್ಲಿ ಕಡ್ಲೆಕಾಯಿ ಪರಿಷೆ ಆದಾಗ ಹಸಿ ಕಾಯಿ ಸೇರುಗಟ್ಟಲೆ ತಂದು ಸುಲಿದು ಹಾಕಿದ್ರೆ ಆ ಒಂದು ವಾರದ ಶೇಕಿನ ರುಚಿನೇ ಬೇರೆ, ಸಿಹಿ ಕೂಡ ಅಷ್ಟು ಬೇಕಾಗಲ್ಲ.

ಹುರಿಗಡಲೆ ಆರಿಸಿದ್ದಕ್ಕೆ ಕಾರಣ ಇದೆ. ಕಡ್ಲೆಹಿಟ್ಟು ಹಸಿ, ವಾಸನೆ ಬರುತ್ತೆ, ಹೊಟ್ಟೆಗೂ ಆಗಲ್ಲ. ಹುರಿಗಡಲೆ ಆಗ್ಲೇ ಹುರಿದು ಬೆಂದಿರೋದು, ಹಾಗೇ ತಿನ್ನಬಹುದು. ಭಾನುವಾರ ಗಾಂಧಿ ಬಜಾರಿಂದ ತಂದಿದ್ದನ್ನ ಒಣ ಜಾರಲ್ಲಿ ಪುಡಿ ಮಾಡಿ ಮೈದಾ ಜರಡಿಯಲ್ಲಿ ಜರಡಿ ಹಿಡಿದು, ಮೇಲೆ ಉಳಿದ ತರಿನ ಮತ್ತೆ ಪುಡಿ ಮಾಡಿ ಮತ್ತೆ ಜರಡಿ ಹಿಡೀತೀನಿ. ಹೆಬ್ಬೆರಳು ತೋರುಬೆರಳ ಮಧ್ಯೆ ಚಿಟಿಕೆ ಉಜ್ಜಿ ನೋಡಿ, ಟಾಲ್ಕಮ್ ಪೌಡರ್ ಥರ ಜಾರ್ಬೇಕು. ಬೆರಳಿಗೆ ಮರಳು ಸಿಕ್ಕಿದ್ರೆ ನಾಲಿಗೆಗೂ ಸಿಗುತ್ತೆ.

ಸೋಯಾ ಹಾಲನ್ನ ಪ್ಯಾಕೆಟಲ್ಲಿ ತಂದ್ರೂ ನಡೆಯುತ್ತೆ, ಸಕ್ಕರೆ ಹಾಕದೆ ಇರೋದು ನೋಡಿ ತಗೊಳ್ಳಿ. ಮನೇಲಿ ಮಾಡೋದಾದ್ರೆ 100 ಗ್ರಾಂ ಕಾಳು ರಾತ್ರಿ ನೆನೆಸಿ, ಬೆಳಿಗ್ಗೆ ನೇರ ಕುದಿಯೋ ನೀರಿಗೇ ಹಾಕಿ ಹತ್ತು ನಿಮಿಷ ಕುದಿಸಬೇಕು. ಹಸಿಯಾಗಿ ರುಬ್ಬಿದ್ರೆ ಕಾಳಲ್ಲಿರೋ ಒಂದು ಕಿಣ್ವ ಗಾಳಿ ತಾಗಿದ ಕೂಡ್ಲೇ ಕೆಲಸ ಶುರು ಮಾಡಿ ಆ ಹಸಿ ಕಾಳಿನ ಗಮಟು ವಾಸನೆ ತರುತ್ತೆ, ಬಿಸಿ ತಾಗಿದ್ರೆ ಅದು ಸತ್ತುಹೋಗುತ್ತೆ. ಆ ನೀರು ಚೆಲ್ಲಿ, ಕಾಳು ಆರಿದ ಮೇಲೆ ಸಿಪ್ಪೆ ತೆಗೆದು, ಒಂದು ಲೀಟರ್ ನೀರಲ್ಲಿ ರುಬ್ಬಿ, ಹಳೇ ಪಂಚೆ ಬಟ್ಟೇಲಿ ಹಿಂಡಿ, ಹಾಲನ್ನ ಮತ್ತೆ ಹದಿನೈದು ನಿಮಿಷ ಸಣ್ಣ ಉರೀಲಿ ಕುದಿಸ್ತೀನಿ. ಇದನ್ನ ಬಿಡಬೇಡಿ, ಪೂರ್ತಿ ಬೇಯದ ಸೋಯಾದಲ್ಲಿ ಪ್ರೋಟೀನ್ ಜೀರ್ಣ ಆಗೋದನ್ನ ತಡೆಯೋ ಅಂಶ ಇರುತ್ತೆ. ಫ್ರಿಜ್ಜಲ್ಲಿ ಮೂರು ದಿನ ಇರುತ್ತೆ. ಹಿಂಡಿದ ಚರಟ ಅಕ್ಕಿ ರೊಟ್ಟಿ ಹಿಟ್ಟಿಗೆ ಹೋಗುತ್ತೆ.

ಬೆಳಿಗ್ಗೆ ಕೆಲಸ ಐದೇ ನಿಮಿಷ. ಚಿಕ್ಕ ಚಟ್ನಿ ಜಾರಿಗೆ ಕಡ್ಲೆಕಾಯಿ ಬೀಜ, ಒಳಗಿನ ಬೀಜ ತೆಗೆದು ನೆನೆಸಿದ ಖರ್ಜೂರ, ಏಲಕ್ಕಿ, ಮೂರು ಚಮಚ ಸೋಯಾ ಹಾಲು. ಒಂದು ನಿಮಿಷ ರುಬ್ಬಿ, ಗೋಡೆಗೆ ಅಂಟಿದ್ದನ್ನ ಕೆರೆದು ಮತ್ತೆ ಒಂದು ನಿಮಿಷ, ಅಷ್ಟೊತ್ತಿಗೆ ಹೊಳೆಯೋ ಪೇಸ್ಟ್ ಆಗಿರುತ್ತೆ. ಆಮೇಲೆ ಹುರಿಗಡಲೆ ಪುಡಿ, ಇನ್ನೊಂದು ಸ್ವಲ್ಪ ಹಾಲು, ಅರ್ಧ ನಿಮಿಷ. ಬಾಳೆಹಣ್ಣು ಅದಾದ್ಮೇಲೆ. ಮೈ ಮೇಲೆ ಕಪ್ಪು ಚುಕ್ಕೆ ಬಂದಿರೋ ಹಣ್ಣೇ ಆಗ್ಬೇಕು, ಕಾಯಿಗಾಯಿ ಇದ್ರೆ ಅಂಟಂಟು. ಹಣ್ಣಾದ್ದನ್ನ ಬಿಲ್ಲೆ ಮಾಡಿ ಫ್ರೀಜರಲ್ಲಿ ಇಟ್ಟಿರ್ತೀನಿ, ಐಸ್ ಹಾಕಿದ್ರೆ ನೀರಾಗುತ್ತೆ, ಇದು ಹಾಕಿದ್ರೆ ಐಸ್ಕ್ರೀಮ್ ಥರ ಮಂದ ಆಗುತ್ತೆ. ಮಿಕ್ಕಿದ ಹಾಲು ಮತ್ತು ಉಪ್ಪು ಕಟ್ಟಕಡೆಗೆ ದೊಡ್ಡ ಜಾರಲ್ಲಿ, ಅದೂ ಹತ್ತೇ ಸೆಕೆಂಡು. ಅದಕ್ಕಿಂತ ಜಾಸ್ತಿ ತಿರುಗಿಸಿದ್ರೆ ಸೋಯಾ ನೊರೆ ಎದ್ದು ಲೋಟದಲ್ಲಿ ಅರ್ಧ ಗಾಳಿನೇ ಇರುತ್ತೆ.

ಒಂದ್ಸಲ ಅನಾನಸ್ ಹಾಕಿ ಎಲ್ಲ ಒಡೆದುಹೋಯ್ತು, ಹುಳಿ ಬಿದ್ರೆ ಸೋಯಾ ಹಾಲು ತೋಫು (ಸೋಯಾ ಪನೀರ್) ಥರ ಗಡ್ಡೆ ಕಟ್ಟುತ್ತೆ, ಆದ್ರಿಂದ ಕಿತ್ತಳೆ, ಅನಾನಸ್ ಇದ್ರ ಹತ್ರ ತರಬೇಡಿ. ಸಪೋಟ ಚೆನ್ನಾಗಿ ಹೊಂದುತ್ತೆ, ಸೀಸನ್ನಲ್ಲಿ ಬಾದಾಮಿ ಮಾವೂ ಚೆನ್ನಾಗಿ ಮಾಗಿದ್ರೆ ಸರಿ. ಬೆಲ್ಲ ಹಾಕೋರು ನೀರಲ್ಲಿ ಕರಗಿಸಿ ಸೋಸಿಯೇ ಹಾಕಿ, ಅದ್ರಲ್ಲಿರೋ ಸಣ್ಣ ಕಲ್ಲು ಇಷ್ಟೊತ್ತು ಪಟ್ಟ ಶ್ರಮನೆಲ್ಲ ಹಾಳು ಮಾಡುತ್ತೆ.

ಜಿಮ್ಮಿಗೆ ಹೋಗೋ ನನ್ನ ತಮ್ಮನಿಗೆ ಇನ್ನೂ ಪ್ರೋಟೀನ್ ಬೇಕು, ಅವನ ಲೋಟಕ್ಕೆ ಮಾತ್ರ ಅರ್ಧ ಸ್ಕೂಪ್ ಬಟಾಣಿ ಪುಡಿ. ಅದನ್ನ ನೇರ ಜಾರಿಗೆ ಹಾಕಲ್ಲ, ರಾಗಿ ಅಂಬಲಿಗೆ ಹಿಟ್ಟು ಕದಡ್ತೀವಲ್ಲ, ಹಾಗೆ ಬಟ್ಟಲಲ್ಲಿ ಸ್ವಲ್ಪ ಸ್ವಲ್ಪವೇ ನೀರು ಹಾಕಿ ಗಂಟಿಲ್ಲದೆ ಕದಡಿ ಹತ್ತು ನಿಮಿಷ ಬಿಡ್ತೀನಿ. ಪುಡಿ ನೀರು ಕುಡಿದು ಉಬ್ಬಿದ ಮೇಲೆ ಆ ಸುಣ್ಣದ ಅನುಭವ ಮುಕ್ಕಾಲು ಭಾಗ ಹೋಗುತ್ತೆ. ಅವನು ಸ್ನಾನ ಮುಗಿಸಿ ಬರೋಷ್ಟರಲ್ಲಿ ಅದು ನೆಂದಿರುತ್ತೆ, ಪೇಸ್ಟಿಗೆ ಸೇರಿಸಿ ಒಂದು ಸುತ್ತು ತಿರುಗಿಸಿ ಕೊಟ್ಬಿಡ್ತೀನಿ, ಜಾರಿಗೆ ತಕ್ಷಣ ನೀರು ತುಂಬಿಸಿಟ್ಟು ಬ್ಯಾಗ್ ಹಾಕ್ಕೊಂಡು ಹೊರಡ್ತೀನಿ.