ನಾಲಿಗೆಗೂ ಪ್ರೂಫ್ ತೆಗೆಯಬಹುದು: ನನ್ನ ಅನುಭವ

ಗದಗ-ಬೆಟಗೇರಿಯಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್. ಅಪ್ಪ ಟ್ರೆಡಲ್ ಮಶೀನಿನ ಕಾಲದವರು, ಅಚ್ಚಿನ ಮೊಳೆ ಜೋಡಿಸಿಯೇ ನಮ್ಮನ್ನು ಓದಿಸಿದರು. ನಾನು ಆಫ್‌ಸೆಟ್‌ಗೆ ಬಂದೆ. ಲಗ್ನಪತ್ರಿಕೆ, ಬಿಲ್ ಬುಕ್, ಕ್ಯಾಲೆಂಡರ್, ವರ್ಷಕ್ಕೊಮ್ಮೆ ನಮ್ಮ ಸಭೆಯ, ಅಂದರೆ ಚರ್ಚಿನ, ವರದಿ. ಗದಗದಲ್ಲಿ ಪ್ರೆಸ್ಸಿಗೇನು ಬರ? ಹಾಗಾಗಿ ಇಲ್ಲಿ ಗಿರಾಕಿ ಉಳಿಯುವುದು ಮಶೀನಿನಿಂದಲ್ಲ, ಕೌಂಟರಿನಲ್ಲಿ ಆಡುವ ಮಾತಿನಿಂದ. ಇದು ತಿಳಿಯಲು ನನಗೆ ಇಪ್ಪತ್ತು ವರ್ಷ ಹಿಡಿಯಿತು.

ನನ್ನ ಬಾಯಿ ಎಂಥದ್ದು ಅಂತ ಸಭೆಯಲ್ಲಿ ಎಲ್ಲರಿಗೂ ಗೊತ್ತು. ಮೂರು ವರ್ಷದ ಹಿಂದೆ ಪ್ರಾರ್ಥನಾ ಕೂಟದಲ್ಲಿ ಎದ್ದು ನಿಂತು, ಇನ್ನು ಮೇಲೆ ಗರ್ವವನ್ನೂ ನಾಲಿಗೆಯನ್ನೂ ಹತೋಟಿಗೆ ತರುತ್ತೇನೆ ಅಂದೆ. ಎಲ್ಲರೂ ನಕ್ಕರು. ಕಮಿಟಿಯ ಹಿರಿಯರೊಬ್ಬರು, "ತಮ್ಮಾ, ನೀ ಬಾಯಿ ಮುಚ್ಚಿದ ದಿನ ಭೀಷ್ಮ ಕೆರಿ ಮೀನ ಕೀರ್ತನಿ ಹಾಡ್ತಾವ ನೋಡು" ಅಂದರು. ಪಾಸ್ಟರ್ ನಗಲಿಲ್ಲ, ಆದರೆ ಅವರದೂ ಅನುಮಾನವೇ. ನಾಲಿಗೆಯನ್ನು ಯಾವ ಮನುಷ್ಯನೂ ಪಳಗಿಸಲಾರ ಅಂತ ಬೈಬಲಿನಲ್ಲಿ ಯಾಕೋಬನೇ ತನ್ನ ಪತ್ರದ ಮೂರನೇ ಅಧ್ಯಾಯದಲ್ಲಿ ಬರೆದಿದ್ದಾನಲ್ಲ ಅಂದರು. ವಚನ ಹಾಕಿ ಹೊಡೆದರೆ ಏನು ಹೇಳುವುದು? ಸುಮ್ನೆ ಕೂತೆ. ಒಳಗೆ ಮಾತ್ರ ಉರಿಯುತ್ತಿತ್ತು. ತೋರಿಸಿಯೇ ತೋರಿಸುತ್ತೇನೆ ಅಂದುಕೊಂಡೆ. ಗರ್ವ ಬಿಡುವ ಕೆಲಸ ಗರ್ವದಿಂದಲೇ ಶುರುವಾಯಿತು.

ಮೊದಲು ಮಾಡಿದ್ದು ದಂಡದ ಡಬ್ಬಿ. ಬಿರುಮಾತಿಗೆ 10 ರೂಪಾಯಿ, ಜಂಬಕ್ಕೆ 20. ಮೊದಲ ತಿಂಗಳು 600 ಚಿಲ್ಲರೆ ಬಿತ್ತು. ಎರಡನೇ ತಿಂಗಳು 900ರ ಹತ್ತಿರ. ಕಡಿಮೆ ಆಗಬೇಕಿತ್ತು, ಅಲ್ವಾ? ದಂಡ ಹೋಗಿ ಟಿಕೆಟ್ ಆಗಿಬಿಟ್ಟಿತ್ತು. ಹತ್ತು ರೂಪಾಯಿ ಹಾಕಿದ ಮೇಲೆ ಸಮಾಧಾನವಾಗಿ ಬೈಯುತ್ತಿದ್ದೆ. ಒಂದು ದಿನ ಮಶೀನಿನ ಹುಡುಗ, "ಮಾಲಕ್ರ, ಐವತ್ತು ಹಾಕಿಬಿಡ್ರಿ, ವಾರದ್ದು ಒಮ್ಮೆಲೆ ಮುಗೀಲಿ" ಅಂದ. ಅವನಿಗೂ ಬೈದೆ. ಡಬ್ಬಿಯ ದುಡ್ಡನ್ನು ಕಾಣಿಕೆಗೆ ಹಾಕಿದ್ದು ಸರಿ. ಆದರೆ ಸಭೆಯ ಮುಂದೆ ಎದ್ದು ನನ್ನ ಅನುಭವದ ಸಾಕ್ಷಿ ಹೇಳುವಾಗ ಎಷ್ಟು ಹಾಕಿದೆ ಅಂತ ಲೆಕ್ಕ ಸಮೇತ ಹೇಳಿದೆ. ಮನೆಗೆ ಬಂದ ಮೇಲೆ ನಮ್ಮವಳು, "ಅದಕ್ಕೂ ಇಪ್ಪತ್ತು ಹಾಕ್ರಿ" ಅಂದಳು.

ಆಮೇಲೆ ಮೌನ. ಬುಧವಾರ ಮಧ್ಯಾಹ್ನದವರೆಗೆ ಮಾತಿಲ್ಲ, ಬೇಕಾದರೆ ಚೀಟಿ. ಸುಮ್ಮನಿದ್ದರೆ ಮೂರ್ಖನೂ ಜಾಣನ ಹಾಗೆ ಕಾಣುತ್ತಾನೆ ಅಂತ ಬೈಬಲಿನ ಜ್ಞಾನೋಕ್ತಿ ಪುಸ್ತಕದ 17ನೇ ಅಧ್ಯಾಯದಲ್ಲಿದೆ, ನೋಡೋಣ ಅಂತ. ಲಗ್ನದ ಸೀಸನ್ನಿನಲ್ಲಿ ಇದನ್ನು ಮಾಡಿದ್ದು ನನ್ನ ದಡ್ಡತನ. ಲಕ್ಷ್ಮೇಶ್ವರದ ಕಡೆಯಿಂದ ಬಂದ ಒಬ್ಬ ಗಿರಾಕಿ ರೇಟ್ ಕೇಳಿದ. ನಾನು ಚೀಟಿ ಬರೆಯುತ್ತಾ ಕೂತೆ. ಅವನು ಮಗ್ಗುಲಿನ ಪ್ರೆಸ್ಸಿಗೆ ನಡೆದ. 14,000ದ ಕೆಲಸ. ಮನೆಯಲ್ಲಿ ಇನ್ನೂ ಕಷ್ಟ. ಮಗಳು ಒಂದು ದಿನ ಹೇಳಿದಳು, "ಪಪ್ಪಾ, ನೀವು ಸುಮ್ನಿರೋದು ಬೈಯೋದಕ್ಕಿಂತ ಜೋರ್ ಕೇಳಿಸ್ತದ." ನಿಜವೇ. ನಾನು ಬಾಯಿ ಮುಚ್ಚಿ ಕೂತದ್ದು ಉಳಿದವರು ಎಷ್ಟು ಮಾತಾಡುತ್ತಾರೆ ಅಂತ ಅಳೆಯುವುದಕ್ಕೆ. ಜ್ಞಾನೋಕ್ತಿ ಆರರಲ್ಲಿ ಕರ್ತನು ಹಗೆ ಮಾಡುವ ಏಳು ವಿಷಯದಲ್ಲಿ ಮೊದಲನೆಯದು ಹೆಮ್ಮೆಯ ಕಣ್ಣು, ಸುಳ್ಳಿನ ನಾಲಿಗೆ ಎರಡನೆಯದು. ನಾನು ಎರಡನೆಯದಕ್ಕೆ ಬೀಗ ಹಾಕಿ ಮೊದಲನೆಯದನ್ನು ಬಿಟ್ಟಿದ್ದೆ.

ಆ ವರ್ಷದ ಸಭೆಯ ಸುಗ್ಗಿ ಹಬ್ಬದ ಲಿಲಾವು, ಅಂದರೆ ಹರಾಜು, ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಸಭೆಯವರು ತಂದ ಜೋಳ, ಕಡಲೆ, ಕೋಳಿ, ಕಾಯಿಪಲ್ಯ ಎಲ್ಲ ಲಿಲಾವಿಗೆ ಬರುತ್ತವೆ. ಒಂದು ಕುಂಬಳಕಾಯಿ ಬಂತು. ನಾನು 200 ಅಂದೆ. ನಕ್ಕಿದ್ದ ಆ ಹಿರಿಯರು 300 ಅಂದರು. ಅಲ್ಲಿಂದ ಕುಂಬಳಕಾಯಿಯ ವಿಷಯ ಮುಗಿಯಿತು, ಬೇರೆ ವಿಷಯ ನಡೆಯಿತು. 4,200ಕ್ಕೆ ನನಗೆ ಬಿತ್ತು. ಜನ ಚಪ್ಪಾಳೆ ತಟ್ಟಿದರು, ನಾನು ಎದೆ ಉಬ್ಬಿಸಿ ಹೊತ್ತುಕೊಂಡು ಬಂದೆ. ನಮ್ಮವಳು ಮೂರು ದಿನ ಅದರದೇ ಪಲ್ಯ, ಅದರದೇ ಸಾರು ಮಾಡಿದಳು. "ನಾಕ್ ಸಾವಿರದ್ದು ಐತ್ರಿ, ತಾಟಿನಾಗ ಬಿಡಬ್ಯಾಡ್ರಿ" ಅನ್ನುತ್ತಿದ್ದಳು. ಅದೇ ವಾರ ಪೇಪರಿನವರಿಗೆ ಕೊಡಬೇಕಾದ ದುಡ್ಡಿಗೆ ಕೈಗಡ ತಂದೆ.

ಇಷ್ಟಾದರೂ ಬುದ್ಧಿ ಬಂದಿರಲಿಲ್ಲ. ಒಂದು ಶಾಲೆಯ ಡೈರಿ ಕೆಲಸ, ಸುಮಾರು 1 ಲಕ್ಷ 60 ಸಾವಿರದ್ದು, ಹೆಚ್ಚುಕಡಿಮೆ ಕೈಗೆ ಬಂದಿತ್ತು. ಸ್ಯಾಂಪಲ್ ಹಿಡಿದು ಹೋದೆ. ಬ್ಯಾಗಿನಿಂದ ತೆಗೆಯುವ ಮೊದಲೇ, ಇಂಥ ಕಲರ್ ಕೆಲಸ ಗದಗದಲ್ಲಿ ಯಾರೂ ಕೊಡುವುದಿಲ್ಲ, ಹುಬ್ಬಳ್ಳಿಯವರೂ ನನ್ನನ್ನೇ ಕೇಳುತ್ತಾರೆ ಅಂದೆ. ಮುಖ್ಯೋಪಾಧ್ಯಾಯರು ಕನ್ನಡಕ ಹಾಕಿಕೊಂಡು ನೋಡಿದರು. ಮುಖಪುಟದಲ್ಲಿ ಕೆಂಪಿನ ಮೇಲೆ ಹಳದಿ ಸರಿಯಾಗಿ ಕೂತಿರಲಿಲ್ಲ. ಕೂದಲೆಳೆಯಷ್ಟು ಜರುಗಿತ್ತು. ಜಂಬ ಕೊಚ್ಚದೇ ಇದ್ದರೆ ಅವರಿಗೆ ಕಾಣುತ್ತಲೂ ಇರಲಿಲ್ಲವೇನೋ. ಹೊಗಳಿಕೊಂಡೆನಲ್ಲ, ಅದಕ್ಕೇ ಹುಡುಕಿದರು. ಗರ್ವದಿಂದ ಭಂಗ, ಉಬ್ಬಿನಿಂದ ದೊಬ್ಬು. ಭಾನುವಾರ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ಐದು ನಿಮಿಷದಲ್ಲಿ ಕಣ್ಣೆದುರೇ ಆಯಿತು.

ದಾರಿ ಸಿಕ್ಕಿದ್ದು ಒಂದು ಲಗ್ನಪತ್ರಿಕೆಯ ಜಗಳದಲ್ಲಿ. 800 ಕಾರ್ಡು, ಹುಡುಗನ ಅಜ್ಜನ ಹೆಸರು ತಪ್ಪಾಗಿತ್ತು. ಪ್ರೂಫ್ ಅಂದರೆ ಅಚ್ಚಿಗೆ ಹೋಗುವ ಮೊದಲು ತಪ್ಪು ನೋಡಲು ತೆಗೆಯುವ ಪ್ರತಿ. ಬೀಗರು ಬಂದು ಕೇಳಿದರೆ ನಾನು, ಪ್ರೂಫಿಗೆ ಸಹಿ ಹಾಕಿದವರು ನೀವೇ, ಓದಲು ಬರುವುದಿಲ್ಲವೇನು ಅಂತ ಕೂಗಾಡಿದೆ. ಫೈಲ್ ತೆಗೆದರೆ ಸಹಿಯೇ ಇಲ್ಲ. ಅವಸರದಲ್ಲಿ ಪ್ರೂಫ್ ತೋರಿಸದೆ ಅಚ್ಚಿನ ಪ್ಲೇಟಿಗೆ ಕಳಿಸಿದ್ದವನು ನಾನು. ಕಾರ್ಡು ಮತ್ತೆ ಹಾಕಿಕೊಟ್ಟೆ, 11,000 ಹೋಯಿತು. ಆ ಮನೆತನದ ಉಳಿದ ಲಗ್ನದ ಕೆಲಸಗಳೂ ಹೋದವು.

ಆ ರಾತ್ರಿ ಫೈಲ್ ಹಿಡಿದು ಕೂತಾಗ ಹೊಳೆಯಿತು. ಪ್ರೆಸ್ಸಿನಲ್ಲಿ 50 ರೂಪಾಯಿಯ ವಿಸಿಟಿಂಗ್ ಕಾರ್ಡಿಗೂ ಪ್ರೂಫ್ ತೆಗೆಯುತ್ತೇವೆ. ನನ್ನ ಬಾಯಿ ಮಾತ್ರ ನೇರ ಮಶೀನಿಗೆ ಹೋಗುತ್ತದೆ. ಇನ್ನೊಂದು, ತನ್ನ ಪ್ರೂಫನ್ನು ತಾನೇ ನೋಡಿದರೆ ತಪ್ಪು ಕಾಣುವುದಿಲ್ಲ. ಇದು ಪ್ರೆಸ್ಸಿನವರಿಗೆಲ್ಲ ಗೊತ್ತು. ನಾನು ಎರಡು ವರ್ಷ ಮಾಡಿದ್ದು ಅದೇ. ಗದುಗಿನ ಕುಮಾರವ್ಯಾಸ ಇಟ್ಟ ಪದವನ್ನು ಅಳಿಸದವನು ತಾನು ಅಂತ ಹೇಳಿಕೊಂಡ. ಅವನಿಗೆ ಅದು ಸಲ್ಲುತ್ತದೆ. ನಾನು ವೀರನಾರಾಯಣ ಗುಡಿಯ ಮುಂದೆ ಬಿಲ್ ಬುಕ್ ಹೊತ್ತು ಓಡಾಡುವವನು.

ಈಗ ಮಾಡುವುದು ಹೀಗೆ. ಗಿರಾಕಿಯಾಗಲಿ, ಕಮಿಟಿಯವರಾಗಲಿ, ಹೆಂಡತಿಯಾಗಲಿ, ಅವರು ಹೇಳಿದ್ದನ್ನು ಮೊದಲು ನಾನು ತಿರುಗಿ ಹೇಳುತ್ತೇನೆ. "ಅಂದ್ರ ನೀವು ಹೇಳೋದು ಹಿಂಗ, ಹೌದಲ್ರಿ?" ಅವರು ಹೌದು ಅಂದ ಮೇಲೇ ನನ್ನ ಮಾತು. ಕೇಳುವ ಮೊದಲೇ ಉತ್ತರ ಕೊಡುವವನು ಮೂರ್ಖ ಅನ್ನುವ ಜ್ಞಾನೋಕ್ತಿ 18:13ನ್ನು ಇದಕ್ಕಿಂತ ಸುಲಭವಾಗಿ ಮಾಡುವ ದಾರಿ ನನಗೆ ಸಿಕ್ಕಿಲ್ಲ. ಮೊದಲ ವಾರ ನಾಟಕದ ಹಾಗಿತ್ತು. ಒಬ್ಬರು, "ಯಾಕ್ರಿ, ಕಿವಿ ಮಂದ ಆಗ್ಯಾವೇನು?" ಅಂತ ಕೇಳಿದರು. ಆದರೆ ಅರ್ಧ ಜಗಳ ಅಲ್ಲೇ ಸಾಯುತ್ತದೆ, ಯಾಕೆಂದರೆ ಎಷ್ಟೋ ಸಲ ನಾನು ಕೇಳಿಸಿಕೊಂಡದ್ದೇ ತಪ್ಪಾಗಿರುತ್ತದೆ. ಲಾಭವೂ ಇದೆ. ಮೊದಲು ವರ್ಷಕ್ಕೆ ಏಳೆಂಟು ಕೆಲಸ ಮತ್ತೆ ಹಾಕಿಕೊಡಬೇಕಾಗುತ್ತಿತ್ತು. ಹೋದ ವರ್ಷ ಎರಡೇ. ಇಪ್ಪತ್ತೈದು ಮೂವತ್ತು ಸಾವಿರ ಉಳಿದಿರಬೇಕು.

ಸಿಟ್ಟು ಬಂದ ವಿಷಯಕ್ಕೆ ಅದೇ ದಿನ ಉತ್ತರ ಕೊಡುವುದಿಲ್ಲ. ಬರೆದು ಡ್ರಾಯರಿನಲ್ಲಿ ಇಡುತ್ತೇನೆ, ಬೆಳಿಗ್ಗೆ ನಮ್ಮವಳು ಓದುತ್ತಾಳೆ. ಅವಳೇ ನನ್ನ ಪ್ರೂಫ್ ರೀಡರ್. ಕೆಂಪು ಪೆನ್ನು ಕೊಟ್ಟಿದ್ದೇನೆ. ಕಮಿಟಿಗೆ ಬರೆದ ಒಂದು ಪತ್ರದಲ್ಲಿ ಎರಡು ಪುಟ ಹೊಡೆದುಹಾಕಿ, "ಇಂತಿ ನಿಮ್ಮ ವಿಶ್ವಾಸಿ" ಅಷ್ಟನ್ನೇ ಬಿಟ್ಟಿದ್ದಳು. ಬಾಯಿಮಾತಿಗೆ ಡ್ರಾಯರ್ ಇಲ್ಲವಲ್ಲ. ಅದಕ್ಕೆ ನಮ್ಮಿಬ್ಬರ ನಡುವೆ ಒಂದು ಗುರುತಿದೆ. ಅವಳು ಅದನ್ನು ಮಾಡಿದರೆ ನಾನು ವಾಕ್ಯದ ನಡುವೆಯೇ ನಿಲ್ಲಬೇಕು. ಗುರುತು ಏನು ಅಂತ ಇಲ್ಲಿ ಬರೆಯುವುದಿಲ್ಲ. ಬರೆದರೆ ಸಭೆಯವರೆಲ್ಲ ಅದನ್ನೇ ಮಾಡುತ್ತಾರೆ.

ಕಷ್ಟ ಅಂದರೆ ಕ್ಷಮೆ. ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಸಹೋದರನ ಹತ್ತಿರ ಹೋಗು ಅಂತ ಮತ್ತಾಯ ಐದರಲ್ಲಿದೆ. ನಾನು ಹೋಗುತ್ತಿದ್ದೆ, ಇಲ್ಲವೆನ್ನಲಾರೆ. ಹೋಗಿ, "ತಪ್ಪಾತ್ರಿ, ಆದ್ರ..." ಅನ್ನುತ್ತಿದ್ದೆ. ಆ "ಆದ್ರ" ಎಷ್ಟು ದುಬಾರಿ ಅಂದರೆ, ಒಂದು ಸಲ ಕ್ಷಮೆ ಕೇಳಲು ಹೋದ ಮನೆಯಿಂದ ಹೊಸ ಜಗಳ ಕಟ್ಟಿಕೊಂಡು ಬಂದೆ. ಈಗ ಮನೆಯ ಒಳಗೆ ಹೋಗುವುದಿಲ್ಲ, ಬಾಗಿಲಲ್ಲೇ ನಿಂತು ಮೂರು ಮಾತು. ಏನು ಮಾಡಿದೆ, ಅದು ತಪ್ಪು, ಕ್ಷಮಿಸಿರಿ. ಚಹಾ ಕುಡಿಯಿರಿ ಅಂದರೂ ಕೂರುವುದಿಲ್ಲ. ಕೂತರೆ ಚಹಾದ ಜೊತೆ "ಆದ್ರ" ಬರುತ್ತದೆ. ಆ 800 ಕಾರ್ಡಿನ ಮನೆಗೂ ಹೋಗಿ ಬಂದೆ. ಕೆಲಸ ತಿರುಗಿ ಬರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರೆ ಮಾತಾಡಿಸುತ್ತಾರೆ, ಅಷ್ಟಾಯಿತು.

ಜ್ಞಾನೋಕ್ತಿಗಳಿಗೆ 31 ಅಧ್ಯಾಯ. ತಾರೀಖಿಗೆ ಒಂದರಂತೆ ಓದುವುದು ನಿಮಗೆಲ್ಲ ಗೊತ್ತೇ ಇದೆ. ನಾನು ಅದರಲ್ಲಿ ಒಂದೇ ವಚನವನ್ನು ಕಾರ್ಡಿನ ವೇಸ್ಟ್ ತುಂಡಿನ ಮೇಲೆ ಬರೆದು ಕೌಂಟರ್ ಗಾಜಿನ ಕೆಳಗೆ ಇಡುತ್ತೇನೆ, ಅಕ್ಷರ ನನ್ನ ಕಡೆಗೆ. ಗಿರಾಕಿಗೆ ಬೋಧನೆ ಬೇಡ. 30 ದಿನದ ತಿಂಗಳಲ್ಲಿ ಕೊನೆಯ ಅಧ್ಯಾಯ ತಪ್ಪಿಹೋಗುತ್ತದೆ. ಅದು ಹೆಂಡತಿಯನ್ನು ಹೊಗಳುವ ಅಧ್ಯಾಯ. ಪ್ರೂಫ್ ರೀಡರ್ ಅದನ್ನು ಗಮನಿಸಿದ್ದಾಳೆ. ಒಂದು ಕಿರ್ದಿ ಪುಸ್ತಕವೂ ಇದೆ. ಎಡಕ್ಕೆ ಆಡಿದ್ದು, ಬಲಕ್ಕೆ ನುಂಗಿದ್ದು. ವ್ಯರ್ಥ ಮಾತಿಗೆಲ್ಲ ಲೆಕ್ಕ ಕೊಡಬೇಕು ಅಂತ ಯೇಸು ಹೇಳಿದ ಮೇಲೆ ಲೆಕ್ಕ ಬರೆದಿಡುವುದು ವ್ಯಾಪಾರಸ್ಥನಿಗೆ ಕಷ್ಟವಲ್ಲ.

ನಡುವೆ ಬೇರೆ ಪ್ರಯೋಗಗಳೂ ಆದವು. ನನ್ನ ಒಂದು ಸಾಕ್ಷಿಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ "ನಾನು" ಎಷ್ಟು ಸಲ ಬಂತು ಅಂತ ಎಣಿಸಿದೆ. ಹತ್ತು ನಿಮಿಷಕ್ಕೆ ನಲವತ್ತು ದಾಟಿತ್ತು. ಮುಂದಿನ ಸಲ ಒಂದೂ "ನಾನು" ಬರದಂತೆ ಬರೆದುಕೊಂಡು ಹೋದೆ. ಉಪಯೋಗವಾಗಲಿಲ್ಲ. ಕನ್ನಡದಲ್ಲಿ "ನಾನು" ಬಿಟ್ಟರೂ ಮಾಡಿದೆ, ಕೊಟ್ಟೆ, ಗೆದ್ದೆ ಅಂತ ಕ್ರಿಯಾಪದದ ಬಾಲದಲ್ಲಿ ಅದೇ ಕೂತಿರುತ್ತದೆ. ಬೋರ್ಡಿನ ಮೇಲಿನ "ಅತ್ಯುತ್ತಮ" ತೆಗೆಸಿದೆ. ನಿನ್ನನ್ನು ನಿನ್ನ ಬಾಯಲ್ಲ, ಬೇರೆಯವರು ಹೊಗಳಲಿ ಅನ್ನುವ 27:2ರ ಮೇಲೆ. ಬೋರ್ಡಿಗೆ 1,800 ಖರ್ಚು. ವ್ಯಾಪಾರ ಏರಲಿಲ್ಲ, ಇಳಿಯಲೂ ಇಲ್ಲ.

ಕೊಳ್ಳುವವನು ಚೆನ್ನಾಗಿಲ್ಲ, ಚೆನ್ನಾಗಿಲ್ಲ ಅಂದು ಆಮೇಲೆ ಹೋಗಿ ಕೊಚ್ಚಿಕೊಳ್ಳುತ್ತಾನೆ ಅಂತ 20:14. ಇದನ್ನು ಯಾರೋ ಹುಬ್ಬಳ್ಳಿಯ ಪೇಪರ್ ಅಂಗಡಿಯಲ್ಲಿ ನನ್ನ ಹಿಂದೆ ನಿಂತು ಬರೆದ ಹಾಗಿದೆ. ಒಳ್ಳೆ ಪೇಪರಿಗೆ ಹೆಸರಿಟ್ಟು ರೇಟ್ ಇಳಿಸುವುದನ್ನು ಬಿಟ್ಟೆ. ರೀಮಿಗೆ ಹತ್ತು ಹದಿನೈದು ರೂಪಾಯಿ ಜಾಸ್ತಿ ಬಿತ್ತು, ಆರು ತಿಂಗಳು ಹೊಟ್ಟೆ ಉರಿಯಿತು. ಆಮೇಲೆ ಲಗ್ನದ ಸೀಸನ್ನಿನಲ್ಲಿ ಎಲ್ಲರಿಗೂ ಮಾಲಿಲ್ಲ ಅಂದ ದಿನ ಅವರು ನನಗೆ ಫೋನ್ ಮಾಡಿ, "ನಿಮ್ದು ತೆಗೆದಿಟ್ಟೀನ್ರಿ" ಅಂದರು. ಅದೊಂದು ಸೀಸನ್ನಿನಲ್ಲೇ ಹೋದದ್ದೆಲ್ಲ ಬಂತು. ವಾಟ್ಸಾಪ್ ಗುಂಪಿಗೂ ಒಂದು ಉಪಾಯ ನಡೆಯುತ್ತಿದೆ. ಅದು ಪೂರ್ತಿ ಗೆದ್ದ ಮೇಲೆ ಹೇಳುತ್ತೇನೆ.

ಪಾಸ್ಟರಿಗೆ ಉತ್ತರ ಕೊಡಲು ನನಗೆ ಎರಡು ವರ್ಷ ಬೇಕಾಯಿತು. ಮನುಷ್ಯ ಪಳಗಿಸಲಾರ, ಒಪ್ಪಿದೆ. ಅದಕ್ಕೇ ಕೀರ್ತನೆ 141ರಲ್ಲಿ, ನನ್ನ ಬಾಯಿಗೆ ಕಾವಲಿಡು ಅಂತ ದಾವೀದ ದೇವರನ್ನೇ ಕೇಳುತ್ತಾನೆ. ಕಾವಲಿಗೆ ನನ್ನನ್ನೇ ನಿಲ್ಲಿಸಿದ್ದರೆ ಕಳ್ಳನ ಕೈಗೆ ಕೀಲಿ ಕೊಟ್ಟ ಹಾಗೆ. ನನಗೆ ಕಾವಲಾಗಿ ಬಂದವಳು ಕೆಂಪು ಪೆನ್ನು ಹಿಡಿದು ಬಂದಳು. ಇದನ್ನು ಹೇಳಿದಾಗ ಪಾಸ್ಟರ್ ಒಂದು ಭಾನುವಾರದ ಪ್ರಸಂಗದಲ್ಲಿ ಬಳಸಿಕೊಂಡರು, ನನ್ನ ಹೆಸರು ಹೇಳಲಿಲ್ಲ. ಹೇಳಬಹುದಿತ್ತು ಅನ್ನಿಸಿತು. ಕಿರ್ದಿಯಲ್ಲಿ ಬಲಕ್ಕೆ ಬರೆದೆ.

ಹೋದ ತಿಂಗಳು ಕುಂಬಳಕಾಯಿಯ ಹಿರಿಯರು ಮಗಳ ಲಗ್ನಪತ್ರಿಕೆ ಹಿಡಿದು ಬಂದರು. 600 ಕಾರ್ಡು. ಅವರು ಹೇಳಿದ್ದನ್ನೆಲ್ಲ ತಿರುಗಿ ಹೇಳಿದೆ. ಪ್ರೂಫಿಗೆ ಸಹಿ ಹಾಕಿಸಿದೆ. ರೇಟ್ ಹೇಳಿದಾಗ, "ಇದೇನ್ ತಮ್ಮಾ, ಕುಂಬಳಕಾಯಿ ರೊಕ್ಕ ನನ್ ಕಡೆ ವಸೂಲ್ ಮಾಡ್ತಿಯೇನು?" ಅಂದರು. ಒಳಗಿನಿಂದ ನಮ್ಮವಳ ಗುರುತು ಬಂತು. ಕಾರ್ಡಿಗೆ 2 ರೂಪಾಯಿ ಬಿಟ್ಟೆ. ಅವರು ಹೊರಗೆ ಗಾಡಿ ಸ್ಟಾರ್ಟ್ ಮಾಡಿದ ಮೇಲೆ ಮಶೀನಿನ ಹುಡುಗನಿಗೆ ಒಂದು ಮಾತು ಅಂದೆ. ಆ ದಿನದ ಕಿರ್ದಿ: ನುಂಗಿದ್ದು ಮೂರು, ಆಡಿದ್ದು ಒಂದು.