ಐದು ಕೌದಿ, ಒಂದು ಮೈಕು, ಐದೂವರೆ ತಾಸು ನಿದ್ದೆ: ಮನೆಯಲ್ಲೇ ಆಡಿಯೊ ಪುಸ್ತಕ ಓದಿದ ನನ್ನ ಅನುಭವ

ಸುಮಾರು ಒಂಬತ್ತು ತಾಸಿನ ಕಾದಂಬರಿಯೊಂದನ್ನು ಪೂರ್ತಿ ಮನೆಯಲ್ಲೇ ಓದಿ, ರೆಕಾರ್ಡ್ ಮಾಡಿ, ಎಡಿಟ್ ಮಾಡಿ ಕೊಟ್ಟಾಯಿತು. ಮತ್ತೆ ಓದಿ ಕೊಡಿ ಎಂದು ವಾಪಸ್ ಬಂದದ್ದು ಎಲ್ಲ ಸೇರಿ ಏಳೆಂಟು ನಿಮಿಷದ ಭಾಗ. ಸ್ಟುಡಿಯೊದಲ್ಲಿ ಕೂತು ಓದಿದಾಗಲೂ ಇಷ್ಟು ಕಡಿಮೆ ಬಂದದ್ದಿಲ್ಲ. ಧಾರವಾಡದ ಹಳೇ ಓಣಿಯ ಮನೆ, ಸಕ್ಕರೆ ಕಾಯಿಲೆಯ ಅವ್ವ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ವಾರಕ್ಕೊಮ್ಮೆ ಬರುವ ನಳದ ನೀರು, ಹೇಳದೆ ಕೇಳದೆ ಹೋಗುವ ಕರೆಂಟು. "ಇಂಥಾ ಮನ್ಯಾಗ ಆಗೂದಿಲ್ಲ, ನಿದ್ದಿಗೆಟ್ಟ ದನಿ ಯಾರ ಕೇಳ್ತಾರ" ಅಂದವರು ಬಹಳ ಜನ. ರೇಡಿಯೊ ನಾಟಕದಲ್ಲಿ ಪಳಗಿದ ಹಿರಿಯರೂ ಇದೇ ಮಾತು ಹೇಳಿದ್ದರು. ಆಗುತ್ತದೆ. ಈ ಕೆಲಸದಲ್ಲಿರುವವರಿಗಾಗಿ ಬರೆಯುತ್ತಿದ್ದೇನೆ, ಆದ್ದರಿಂದ ಮೈಕು, ಗೇನು (ಮೈಕಿನ ದನಿಯನ್ನು ಎಷ್ಟು ಹಿಗ್ಗಿಸಬೇಕು ಎಂಬುದು), ನಾಯ್ಸ್ ಫ್ಲೋರು (ಯಾರೂ ಮಾತಾಡದಾಗಿನ ಖಾಲಿ ಸದ್ದು) ಇವುಗಳ ಉದ್ದನೆಯ ಪಾಠ ಇಲ್ಲಿ ಇಲ್ಲ.

ಮೊದಲು ದುಡ್ಡಿನ ಮಾತು. ನಮ್ಮ ಕಡೆ ಸ್ಟುಡಿಯೊ ಬಾಡಿಗೆ ತಾಸಿಗೆ ಐನೂರು ಆರುನೂರು ರೂಪಾಯಿ. ಸಿದ್ಧವಾದ ಒಂದು ತಾಸಿನ ಧ್ವನಿಗೆ ಸ್ಟುಡಿಯೊದಲ್ಲಿ ಎರಡೂವರೆಯಿಂದ ಮೂರು ತಾಸು ಬೇಕು. ನನಗೆ ಸಿಗುವುದು ಸಿದ್ಧ ತಾಸಿಗೆ ಎರಡು ಸಾವಿರದ ಆಸುಪಾಸು. ಆಟೋ ಖರ್ಚು ಕಳೆದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಮನೆಯ ವ್ಯವಸ್ಥೆಗೆ ಒಟ್ಟು ಬಿದ್ದದ್ದು ಇಪ್ಪತ್ತೆರಡು ಸಾವಿರದಷ್ಟು: ಡೈನಾಮಿಕ್ ಮೈಕು ಎಂಟೂವರೆ, ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಆಡಿಯೊ ಇಂಟರ್‌ಫೇಸು ಹತ್ತು, ಉಳಿದದ್ದು ಸ್ಟ್ಯಾಂಡು, ಕೇಬಲ್ಲು, ಹೆಡ್‌ಫೋನು. ಮೂರು ನಾಲ್ಕು ಸಾವಿರದ ಯುಎಸ್‌ಬಿ ಕಂಡೆನ್ಸರ್ ಮೈಕು ಇಂಥ ಮನೆಗೆ ಹೊಂದುವುದಿಲ್ಲ. ಮೂರು ಮನೆ ಆಚೆಗಿನ ಸೈಕಲ್ ಗಂಟೆಯನ್ನೂ ಅದು ಹಿಡಿದುಕೊಳ್ಳುತ್ತದೆ. ಡೈನಾಮಿಕ್ ಮೈಕಿಗೆ ಗೇನು ಜಾಸ್ತಿ ಬೇಕು, 55ರಿಂದ 60 ಡೆಸಿಬೆಲ್‌ವರೆಗೆ, ಬಾಯಿ ನಾಲ್ಕು ಬೆರಳಿನಷ್ಟು ಹತ್ತಿರ ಇರಬೇಕು. ಆದರೆ ದೂರದ ಸದ್ದು ಅದಕ್ಕೆ ಅಷ್ಟಾಗಿ ಕೇಳಿಸುವುದಿಲ್ಲ.

ಕೋಣೆ ಯಾವುದು ಎಂಬುದು ಮುಂದಿನ ಪ್ರಶ್ನೆ. ಮೊಟ್ಟೆಯ ಟ್ರೇ ಗೋಡೆಗೆ ಅಂಟಿಸುವುದು ದಂಡ. ಒಂದು ಇಂಚಿನ ಫೋಮು ಮೇಲಿನ ಸ್ವರಗಳನ್ನಷ್ಟೇ ನುಂಗುತ್ತದೆ, ಕೆಳಗಿನದು ಹಾಗೆಯೇ ಉಳಿದು ದನಿ ಡಬ್ಬಿಯೊಳಗಿಂದ ಬಂದಂತೆ ಕೇಳುತ್ತದೆ. ಫೋಮಿಗೆ ಮೂರು ಸಾವಿರ ಹಾಕುವ ಬದಲು ಕೌದಿ ಹೊರಗೆ ತೆಗೆಯಿರಿ. ಹಳೆಯ ಸೀರೆ ಪದರು ಪದರಾಗಿ ಹೊಲಿದ ಭಾರದ ಕೌದಿ ಐದು ಬೇಕು: ಬೆನ್ನ ಹಿಂದೆ ಎರಡು, ಎಡಬಲಕ್ಕೆ ಒಂದೊಂದು, ತಲೆಯ ಮೇಲೆ ಒಂದು. ಗೋಡೆಗೆ ಒತ್ತಿ ಹಾಕಬಾರದು, ಒಂದು ಗೇಣು ಬಿಟ್ಟು ಹಗ್ಗದ ಮೇಲೆ ಇಳಿಬಿಡಬೇಕು. ಆ ಸಂದಿನ ಗಾಳಿಯೇ ಅರ್ಧ ಕೆಲಸ ಮಾಡುತ್ತದೆ. ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಓದುವವರ ಬೆನ್ನ ಹಿಂದಿನ ಕೌದಿ, ಏಕೆಂದರೆ ಮೈಕಿನ ಮುಖ ಇರುವುದು ಆ ಕಡೆಗೆ. ಕಿಟಕಿ ಇಲ್ಲದ ಕಾಳಿನ ಕೋಣೆ ಇದ್ದರೆ ಅದೇ ಒಳ್ಳೆಯದು. ಫ್ಯಾನಿಲ್ಲದ ಕಾರಣ ಬೇಸಿಗೆಯಲ್ಲಿ ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂರಲಾಗುವುದಿಲ್ಲ, ಅದೂ ಮುಂದೆ ಹೇಳುವ ಹನ್ನೆರಡು ನಿಮಿಷದ ತುಣುಕಿಗೆ ಅನುಕೂಲವೇ ಆಯಿತು.

ಈಗ ನಿದ್ದೆಯ ಲೆಕ್ಕ. ಆಡಿಯೊ ಪುಸ್ತಕವೆಂದರೆ ಒಂದು ಕೆಲಸವಲ್ಲ, ಐದು ಕೆಲಸ: ಪ್ರತಿಗೆ ಗುರುತು ಹಾಕುವುದು, ಓದುವುದು, ಕತ್ತರಿಸುವುದು, ಪುಸ್ತಕ ಹಿಡಿದು ಕೇಳುತ್ತ ತಾಳೆ ನೋಡುವುದು, ಮಟ್ಟ ಹೊಂದಿಸಿ ಕಳಿಸುವುದು. ಬೆಳಿಗ್ಗೆ ಎದ್ದಾಗ ರಾತ್ರಿ ಎಷ್ಟು ನಿದ್ದೆಯಾಯಿತು ಎಂದು ನೋಡಿ, ಅದಕ್ಕೆ ತಕ್ಕ ಕೆಲಸ ಎತ್ತಿಕೊಳ್ಳಬೇಕು. ಐದೂವರೆ ತಾಸು ಮೇಲ್ಪಟ್ಟು ಆಗಿದ್ದರೆ ಸಂಭಾಷಣೆ ಇರುವ ಅಧ್ಯಾಯ ಮತ್ತು ತಾಳೆ ನೋಡುವ ಕೆಲಸ. ನಾಲ್ಕೂವರೆಯಿಂದ ಐದೂವರೆ ಆಗಿದ್ದರೆ ಊರು, ಮಳೆ, ದಾರಿಯ ವರ್ಣನೆ ಇರುವ ಪುಟಗಳು. ಅದಕ್ಕೂ ಕಡಿಮೆಯಾದರೆ ಮೈಕು ಮುಟ್ಟಬಾರದು. ಗುರುತು ಹಾಕುವುದು, ಒರಟಾಗಿ ಕತ್ತರಿಸುವುದು ಮಾತ್ರ. ಮೂಲ ಫೈಲು ಅಳಿಸುವುದು, ಯಾರಿಗಾದರೂ ಫೈಲು ಕಳಿಸುವುದು, ದರ ಒಪ್ಪಿಕೊಳ್ಳುವುದು ಈ ಮೂರಕ್ಕೆ ಅಂಥ ದಿನ ಕೈ ಹಾಕಲೇಬಾರದು. ಸ್ಕೂಟರಿನಲ್ಲಿ ಹುಬ್ಬಳ್ಳಿಗೆ ಹೋಗಿಬರುವುದೂ ಬೇಡ, ಬಸ್ಸು ಹತ್ತಿ. ಹದಿನೇಳು ಹದಿನೆಂಟು ತಾಸು ಸತತ ಎಚ್ಚರ ಇದ್ದವರ ಗಮನ, ರಕ್ತದಲ್ಲಿ ಶೇಕಡಾ 0.05 ಮದ್ಯ ಇದ್ದವರ ಮಟ್ಟಕ್ಕೆ ಇಳಿಯುತ್ತದೆ. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿಯೇ 0.03.

ನಿದ್ದೆಗೆಟ್ಟ ಓದಿನಲ್ಲಿ ಏನು ಕೆಡುತ್ತದೆ ಎಂಬುದು ಕನ್ನಡದಲ್ಲಿ ಬಹಳ ಸ್ಪಷ್ಟ. ನಮ್ಮ ವಾಕ್ಯದ ಕ್ರಿಯಾಪದ ಕೊನೆಗೆ ಬರುತ್ತದೆ, ದಣಿದವರ ಉಸಿರು ಸೋರುವುದೂ ಅಲ್ಲೇ. 'ಮಾಡಿದ್ದಳು' ಎಂಬುದು 'ಮಾಡಿದಳು' ಆಗುತ್ತದೆ, 'ಬಂದಿದ್ದ' ಎಂಬುದು 'ಬಂದಿದ' ಆಗುತ್ತದೆ. ಒತ್ತು ಜಾರುತ್ತದೆ, ಮಹಾಪ್ರಾಣ ಅಲ್ಪಪ್ರಾಣವಾಗುತ್ತದೆ, 'ಹ' ಮಾಯವಾಗುತ್ತದೆ. ಓದುವಾಗ ಇದು ತಿಳಿಯುವುದೇ ಇಲ್ಲ, ಏಕೆಂದರೆ ಕಣ್ಣು ಸರಿಯಾದ್ದನ್ನೇ ಕಾಣುತ್ತಿರುತ್ತದೆ. ನಿದ್ದೆಗೆಟ್ಟ ದಿನಗಳ ಓದಿನಲ್ಲಿ ಹತ್ತು ನಿಮಿಷಕ್ಕೆ ಇಂಥವು ಎಂಟು ಹತ್ತು ಸಿಗುತ್ತವೆ, ನಿದ್ದೆಯಾದ ದಿನ ಒಂದೋ ಎರಡೋ. ಒಂದು ತಪ್ಪು ತಿದ್ದಲು ನಾಲ್ಕೈದು ನಿಮಿಷ ಹಿಡಿಯುತ್ತದೆ. ಲೆಕ್ಕ ಹಾಕಿದರೆ, ನಿದ್ದೆಗೆಟ್ಟು ಓದಿದ ಒಂದು ತಾಸು ಮುಂದೆ ನಾಲ್ಕು ತಾಸು ತಿನ್ನುತ್ತದೆ. "ಹೇಗಾದರೂ ಓದಿಬಿಡೋಣ, ಆಮೇಲೆ ಸರಿ ಮಾಡಿದರಾಯಿತು" ಎಂಬುದು ಈ ಕೆಲಸದಲ್ಲಿ ದುಬಾರಿ ಮಾತು.

ಓದಿಗೆ ಸಿಕ್ಕ ಹೊತ್ತು ಬೆಳಗಿನ ಜಾವ ಮೂರೂವರೆಯಿಂದ ಐದು. ಅದಕ್ಕೆ ಮೊದಲು ಬೀದಿನಾಯಿಗಳ ಹಾವಳಿ, ಅದಾದ ಮೇಲೆ ಹಾಲಿನ ಗಾಡಿ ಮತ್ತು ಹಕ್ಕಿಗಳು. ಮಕ್ಕಳ ಜತೆಗೇ ಒಂಬತ್ತೂವರೆಗೆ ಮಲಗಿದರೆ ಮೂರೂಕಾಲಿಗೆ ಏಳಬಹುದು. ಹತ್ತೂವರೆವರೆಗೆ ಮೊಬೈಲು ಹಿಡಿದವರಿಗೆ ಈ ದಾರಿ ಸಾಧ್ಯವಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಇಪ್ಪತ್ತು ನಿಮಿಷ ಅಡ್ಡಾಗುವುದು ಕಡ್ಡಾಯ. ಅಲಾರಾಂ ಇಟ್ಟುಕೊಳ್ಳಿ. ಅರ್ಧ ತಾಸು ದಾಟಿದರೆ ನಿದ್ದೆ ಆಳಕ್ಕೆ ಇಳಿದು, ಎದ್ದ ಮೇಲೆ ತಾಸುಗಟ್ಟಲೆ ಮಂಪರು. ಅಡ್ಡಾಗುವ ಮೊದಲೇ ಚಹಾ ಕುಡಿಯುವುದು ನಡೆಯುತ್ತದೆ, ಅದರ ಕೆಫೀನು ಏರಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಆದರೆ ಮಧ್ಯಾಹ್ನ ಎರಡರ ನಂತರ ಚಹಾ ಬೇಡವೇ ಬೇಡ. ಕುಡಿದ ಕೆಫೀನಿನ ಅರ್ಧ ಐದು ತಾಸಾದರೂ ಮೈಯಲ್ಲೇ ಇರುತ್ತದೆ. ಓದಿನ ಮುಂಚಿನ ಚಹಾವೂ ಕೆಟ್ಟದ್ದೇ: ಹಾಲು ಗಂಟಲಿಗೆ ಅಂಟುತ್ತದೆ, ಒಗರು ಬಾಯಿ ಒಣಗಿಸುತ್ತದೆ, ಚಟ್ ಚಟ್ ಸದ್ದು ಮೈಕಿಗೆ ಬೀಳುತ್ತದೆ. ಉಗುರು ಬೆಚ್ಚಗಿನ ನೀರು ಗುಟುಕು ಗುಟುಕಾಗಿ, ಜತೆಗೆ ಹುಳಿ ಇರುವ ಸೇಬಿನ ಒಂದು ಹೋಳು. ಮೂರೂಕಾಲಿಗೆ ಎದ್ದ ಭಾರದ ದನಿಯನ್ನು ಹತ್ತು ನಿಮಿಷದಲ್ಲಿ ಹಗಲಿನ ದನಿಗೆ ತರುವುದಕ್ಕೆ ಬೇರೊಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನನಗೆ ಕೆಲಸ ತಂದುಕೊಡುವುದೇ ಅದು.

ಓದಿನ ತುಣುಕು ಹನ್ನೆರಡು ನಿಮಿಷಕ್ಕಿಂತ ಉದ್ದ ಇರಬಾರದು. ಕನ್ನಡದಲ್ಲಿ ನಿಮಿಷಕ್ಕೆ ನೂರರ ಆಸುಪಾಸು ಪದ ಹೋಗುತ್ತವೆ, ಅಂದರೆ ತುಣುಕಿಗೆ ಸಾವಿರದ ಇನ್ನೂರು ಪದ, ಅಚ್ಚಿನ ನಾಲ್ಕೈದು ಪುಟ. ಯಾರು ಕರೆದರೂ ಏಳಬಹುದು, ಬಂದು ಒಂದೇ ನಿಮಿಷದಲ್ಲಿ ಕೂರಬಹುದು, ಅಷ್ಟು ಸಣ್ಣದು. ಎದ್ದು ಹೋಗುವ ಮೊದಲು ಸ್ಟೀಲ್ ಲೋಟಕ್ಕೆ ಚಮಚದಿಂದ ಎರಡು ಸಲ ಬಡಿಯಿರಿ, ಪರದೆಯ ಮೇಲಿನ ದನಿಯ ಅಲೆಯಲ್ಲಿ ಎರಡು ಮೊಳೆ ನಿಂತಂತೆ ಕಾಣುತ್ತದೆ, ಕತ್ತರಿಸುವಾಗ ಹುಡುಕಬೇಕಿಲ್ಲ. ವಾಪಸ್ ಬಂದಾಗ ಪಂಚ್ ಅಂಡ್ ರೋಲ್: ನಾಲ್ಕು ಸೆಕೆಂಡು ಹಳೆಯದನ್ನು ಕೇಳಿ ಅದರ ಬೆನ್ನಿಗೇ ಓದು. ದಿನಗಳು ಕಳೆದ ಮೇಲೆ ಮುಂದುವರಿಸಬೇಕಾದರೆ ಪ್ರತಿ ಪಾತ್ರದ ಹದಿನೈದು ಸೆಕೆಂಡಿನ ಮಾದರಿ ಬೇರೆ ಕಡತದಲ್ಲಿರಲಿ. ಇಲ್ಲದಿದ್ದರೆ ಮೂರನೇ ಅಧ್ಯಾಯದ ಮುದುಕ ಒಂಬತ್ತನೆಯದರಲ್ಲಿ ತರುಣನಾಗಿರುತ್ತಾನೆ. ಪ್ರತಿ ಸಲ ಕೂತಾಗಲೂ ಅರ್ಧ ನಿಮಿಷ ಖಾಲಿ ಕೋಣೆಯ ಸದ್ದನ್ನೂ ಹಿಡಿದಿಡಿ, ತಿದ್ದಿದ ಜಾಗಕ್ಕೆ ತೇಪೆ ಹಾಕಲು ಅದೇ ಬೇಕು.

ಈಗ ಅಡುಗೆಮನೆ. ಇಲ್ಲಿಂದ ಬರುವ ಅತಿ ಕೆಟ್ಟ ಸದ್ದು ಮಿಕ್ಸಿಯದಲ್ಲ, ರೊಟ್ಟಿ ಬಡಿಯುವುದು. ಮಿಕ್ಸಿ ಗಾಳಿಯಲ್ಲಿ ಬರುತ್ತದೆ, ಕೌದಿ ಅದನ್ನು ಒಂದಿಷ್ಟು ತಡೆಯುತ್ತದೆ, ಮೇಲಾಗಿ ಅದು ಎರಡು ನಿಮಿಷದ್ದು. ರೊಟ್ಟಿಯ ಬಡಿತ ನೆಲದ ಕಲ್ಲಿನೊಳಗಿಂದ ನಡೆದು ಸ್ಟ್ಯಾಂಡಿನ ಕಾಲಿಗೆ ಏರುತ್ತದೆ. 80 ಹರ್ಟ್ಸ್‌ಗಿಂತ ಕೆಳಗಿನ ಸದ್ದು ಕಡಿಯುವ ಹೈಪಾಸ್ ಹಾಕಿದರೂ ಪೂರ್ತಿ ಹೋಗುವುದಿಲ್ಲ. ಸ್ಟ್ಯಾಂಡಿನ ಕೆಳಗೆ ಎಂಟು ಮಡಿಕೆಯ ಜಮಖಾನ, ಮೈಕು ಹಿಡಿಯುವ ಜಾಗಕ್ಕೆ ಸೈಕಲ್ ಟ್ಯೂಬಿನ ಪಟ್ಟಿಯಿಂದ ತೂಗುಹಾಕಿದ ಬಳೆ, ಇವೆರಡರಿಂದ ಮುಕ್ಕಾಲು ಪಾಲು ಹೋಯಿತು. ಉಳಿದ ಕಾಲು ಪಾಲಿಗೆ ಉತ್ತರ ಕಡಕ್ ರೊಟ್ಟಿ. ಗಡುವಿನ ವಾರದಲ್ಲಿ ಮಹಿಳಾ ಸಂಘದವರಿಂದ ಐವತ್ತು ತಂದಿಟ್ಟರೆ, ಒಂದಕ್ಕೆ ಏಳೆಂಟು ರೂಪಾಯಿಯಂತೆ ನಾಲ್ಕುನೂರರೊಳಗೆ ಮುಗಿಯುತ್ತದೆ. ಅದರಿಂದ ಉಳಿಯುವ ಹೊತ್ತು ದಿನಕ್ಕೆ ಮುಕ್ಕಾಲು ತಾಸಿನಷ್ಟು.

ಕುಕ್ಕರಿನ ಸೀಟಿ ತಪ್ಪಿಸಲು ಒಂದು ಪ್ರಯೋಗ ನಡೆಯಿತು, ಕೆಲಸಕ್ಕೆ ಸಂಬಂಧವಿಲ್ಲದಿದ್ದರೂ ಬರೆಯಬೇಕು. ತೊಗರಿಬೇಳೆಯನ್ನು ಅರ್ಧ ತಾಸು ನೆನೆಸಿ, ಒಂದು ಸೀಟಿ ಬಂದ ಕೂಡಲೇ ಒಲೆ ಆರಿಸಿ, ಕುಕ್ಕರನ್ನು ಹಾಗೆಯೇ ಹಳೆಯ ಕಂಬಳಿಯಲ್ಲಿ ಸುತ್ತಿ ಬುಟ್ಟಿಯೊಳಗೆ ಇಡುವುದು. ಮುಕ್ಕಾಲು ತಾಸಿಗೆ ಬೇಳೆ ಕೈಯಲ್ಲಿ ಹಿಸುಕುವಷ್ಟು ಬೆಂದಿರುತ್ತದೆ. ಅನ್ನಕ್ಕೆ ಇಪ್ಪತ್ತು ನಿಮಿಷ ಸಾಕು, ನೀರು ಒಂದು ಹಿಡಿ ಕಡಿಮೆ. ಕಡಲೆ ಇದರಲ್ಲಿ ಬೇಯುವುದಿಲ್ಲ, ಗಟ್ಟಿ ಉಳಿಯುತ್ತದೆ. ಕಂಬಳಿ ಒಲೆಯ ಹತ್ತಿರ ಸುಳಿಯಬಾರದು, ಒಲೆ ಆರಿಸಿದ ಮೇಲೆಯೇ ಸುತ್ತುವುದು. ಗ್ಯಾಸು ಎಷ್ಟು ಉಳಿಯಿತು ಎಂದರೆ, 14.2 ಕಿಲೋದ ಸಿಲಿಂಡರು ಮೊದಲಿಗಿಂತ ಐದಾರು ದಿನ ಹೆಚ್ಚು ಬಂತು.

ಓಡಾಟದ ಕೆಲಸಗಳನ್ನು ಓದಿಗೆ ಅಡ್ಡಿ ಎಂದುಕೊಂಡರೆ ಈ ವ್ಯವಸ್ಥೆ ನಿಲ್ಲುವುದಿಲ್ಲ. ಆಸ್ಪತ್ರೆಯ ಸರದಿ, ನ್ಯಾಯಬೆಲೆ ಅಂಗಡಿಯ ಹೆಬ್ಬೆಟ್ಟು, ನವೆಂಬರಿನಲ್ಲಿ ಅವ್ವನ ಪಿಂಚಣಿಯ ಜೀವಿತ ಪ್ರಮಾಣಪತ್ರ, ಎಲ್ಲ ಕಡೆಯೂ ಕೂತು ಕಾಯುವುದೇ. ಗುರುತು ಹಾಕುವ ಕೆಲಸವನ್ನು ಪೂರ್ತಿ ಅಲ್ಲಿಗೆ ಸಾಗಿಸಬಹುದು. ಪುಟಗಳ ಜೆರಾಕ್ಸು ಮತ್ತು ಮೆತ್ತನೆಯ ಪೆನ್ಸಿಲ್ಲು: ಉಸಿರಿಗೆ ಅಡ್ಡಗೆರೆ, ದನಿ ಏರುವಲ್ಲಿ ಬಾಣ, ಒತ್ತು ಜಾರುವ ಕ್ರಿಯಾಪದದ ಕೆಳಗೆ ಎರಡು ಗೆರೆ, ಯಾರ ಮಾತು ಎಂಬುದಕ್ಕೆ ಅಂಚಿನಲ್ಲಿ ಒಂದಕ್ಷರ. ನಮ್ಮ ಕಾದಂಬರಿಗಳಲ್ಲಿ 'ಎಂದಳು' ಬರುವುದು ಮಾತು ಮುಗಿದ ಮೇಲೆ, ಅಲ್ಲಿಯವರೆಗೆ ಗಂಡಸಿನ ದನಿಯಲ್ಲಿ ಓದಿಬಿಟ್ಟಿರುವ ಅಪಾಯ ಸದಾ ಇದ್ದದ್ದೇ. ಎರಡು ತಾಸಿನ ಸರದಿಯಲ್ಲಿ ನಲವತ್ತು ಪುಟ ಆಗುತ್ತದೆ. ಗುರುತಿಲ್ಲದ ಪುಟಕ್ಕೂ ಗುರುತಿನ ಪುಟಕ್ಕೂ ಓದಿನ ಹೊತ್ತಿನಲ್ಲಿ ಮೂರನೇ ಒಂದು ಭಾಗ ವ್ಯತ್ಯಾಸ.

ನೀರು ಬಿಡುವ ದಿನ ಓದು ಇಲ್ಲ ಎಂದು ಮೊದಲೇ ಬರೆದಿಡಿ. ಮೋಟರು, ಹಂಡೆ, ಕೊಡಗಳ ಸದ್ದಿನಲ್ಲಿ ಯಾವ ಕೌದಿಯೂ ಉಪಯೋಗಕ್ಕೆ ಬಾರದು. ಆದರೆ ಆ ಹೊತ್ತಿಗೆ ಹೆಡ್‌ಫೋನು ಹಾಕಿ ಕತ್ತರಿಸುತ್ತ ಕೂತರೆ ತೊಟ್ಟಿ ತುಂಬಿ ಹರಿದು ಅಂಗಳ ಕೆರೆಯಾಗುತ್ತದೆ. ತೊಟ್ಟಿಗೆ ಫ್ಲೋಟ್ ಇರುವ ನೀರಿನ ಅಲಾರಾಂ, ಇನ್ನೂರೈವತ್ತು ರೂಪಾಯಿಯದು, ತೂಗುಬಿಟ್ಟರೆ ಸಾಕು. ಕರೆಂಟಿನ ವಿಷಯದಲ್ಲಿ ಮುಖ್ಯ ಮಾತು: ರೆಕಾರ್ಡ್ ಮಾಡುವಾಗ ಲ್ಯಾಪ್‌ಟಾಪಿನ ಚಾರ್ಜರು ಕಿತ್ತಿಡಿ. ಅರ್ಧಕ್ಕರ್ಧ ಗುಂಯ್ ಸದ್ದು ಅಲ್ಲಿಂದಲೇ ಬರುವುದು. ಮನೆಯಲ್ಲಿ ಸ್ಕ್ವೇರ್ ವೇವ್ ಇನ್ವರ್ಟರು (ಒರಟು ಕರೆಂಟು ಕೊಡುವ ಬಗೆಯದು) ಇದ್ದರೆ ಅದು ಓಡುವಷ್ಟು ಹೊತ್ತು ಮೈಕು ಮುಟ್ಟಬೇಡಿ. ಫ್ರಿಜ್ಜು ಬಂದ್ ಮಾಡಿದರೆ ಸ್ಕೂಟರಿನ ಕೀಲಿಯನ್ನು ಅದರೊಳಗೇ ಇಡಿ, ಹೊರಗೆ ಹೋಗುವ ಮೊದಲು ಮತ್ತೆ ಹಚ್ಚುವುದು ನೆನಪಾಗುತ್ತದೆ. ಅವ್ವನ ಇನ್ಸುಲಿನ್ ಇರುವುದು ಅಲ್ಲೇ ಆದ್ದರಿಂದ ಇದರಲ್ಲಿ ಸಡಿಲ ಬಿಡುವಂತಿಲ್ಲ.

ದನಿಯ ಕೊನೆಯ ಮಟ್ಟ, ಡೆಸಿಬೆಲ್ ಲೆಕ್ಕದಲ್ಲಿ, ಈ ಕೆಲಸದ ಎಲ್ಲರಿಗೂ ಗೊತ್ತಿದ್ದದ್ದೇ: ಸರಾಸರಿ ಮೈನಸ್ 23ರಿಂದ ಮೈನಸ್ 18ರ ನಡುವೆ, ಶಿಖರ ಮೈನಸ್ 3ರ ಕೆಳಗೆ, ಖಾಲಿ ಸದ್ದು ಮೈನಸ್ 60ರ ಕೆಳಗೆ. ಈ ಕೋಣೆಯಲ್ಲಿ ಜಾವದ ಹೊತ್ತು ಮೈನಸ್ 63, 64 ಸಿಗುತ್ತದೆ, ಸದ್ದು ಅಳಿಸುವ ನಾಯ್ಸ್ ರಿಡಕ್ಷನ್ ಮುಟ್ಟದೆ. ಇಂಥ ಮನೆಯಿಂದ ಆ ಅಂಕಿ ಬರುತ್ತದೆಂದು ಹಿರಿಯರು ನಂಬಲಿಲ್ಲ, ಫೈಲು ಕೇಳಿಸಿದ ಮೇಲೆ ಕೌದಿ ನೋಡಲು ಮನೆಗೇ ಬಂದರು. ಗುರುತು, ಓದು, ತಿದ್ದುಪಡಿ ಎಲ್ಲ ಸೇರಿ ಸಿದ್ಧ ತಾಸಿಗೆ ಹಿಡಿಯುವುದು ಐದು ತಾಸು, ಮೊದಮೊದಲು ಒಂಬತ್ತು ಹತ್ತು ಆಗುತ್ತಿತ್ತು.

ಬಗೆಹರಿಯದೆ ಉಳಿದದ್ದು ಮಳೆ. ಹಿತ್ತಲಿನ ತಗಡಿನ ಮೇಲೆ ಹನಿ ಬೀಳುವ ಸದ್ದಿಗೆ ಗೋಣಿತಟ್ಟು ಹಾಸಿ ಇಟ್ಟಂಗಿ ಹೇರಿದರೆ ತುಂತುರು ಮಳೆ ತಡೆಯುತ್ತದೆ, ಜಡಿಮಳೆ ತಡೆಯುವುದಿಲ್ಲ. ತಟ್ಟು ಕೊಳೆತು ವಾಸನೆ ಬರುವುದರೊಳಗೆ, ಮೂರು ವಾರಕ್ಕೊಮ್ಮೆ, ಬದಲಿಸಬೇಕು. ತೆಂಗಿನ ನಾರಿನ ಚಾಪೆ ಹೆಚ್ಚು ಬಾಳಿಕೆ ಬರುತ್ತದೆ, ದರವೂ ನಾಲ್ಕು ಪಟ್ಟು. ಈ ಸಲ ಅದನ್ನು ಹಾಸಿ ನೋಡುವುದಿದೆ. ಸದ್ಯಕ್ಕೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಕೆಲಸಕ್ಕೆ ಮಾಮೂಲಿನ ಒಂದೂವರೆ ಪಟ್ಟು ದಿನ ಕೇಳಿಯೇ ಒಪ್ಪಿಕೊಳ್ಳುತ್ತೇನೆ, ಕಾಲು ಭಾಗ ಮುಂಗಡದ ಜತೆಗೆ.